ನೂಲಿನ ಪಾದರಕ್ಷೆ: ಹೆಣೆದವರು ಯಾರು, ಹೆಸರು ಯಾರದು?

ಪಾದರಕ್ಷೆಯ ಇತಿಹಾಸವೆಂದರೆ ಚರ್ಮದ ಇತಿಹಾಸ ಎಂಬುದು ನಮ್ಮಲ್ಲಿ ರೂಢಿಯಾಗಿ ಬಂದಿರುವ ತಿಳುವಳಿಕೆ. ಚರ್ಮ ಹದ ಮಾಡುವವರು, ಅಟ್ಟೆ ಕತ್ತರಿಸುವವರು, ಹೊಲಿಯುವವರು - ಕಥೆಯೆಲ್ಲ ಇವರ ಸುತ್ತಲೇ ತಿರುಗುತ್ತದೆ. ಆದರೆ ಪಾದರಕ್ಷೆಗೆ ಎರಡು ಭಾಗಗಳಿವೆ. ನೆಲಕ್ಕೆ ತಾಗುವ ಅಟ್ಟೆ ಒಂದು, ಪಾದವನ್ನು ಅಪ್ಪಿ ಹಿಡಿಯುವ ಮೇಲ್ಭಾಗ ಇನ್ನೊಂದು. ಈ ಮೇಲ್ಭಾಗವನ್ನು ಚರ್ಮದ ಬದಲು ನೂಲಿನಿಂದ ಮಾಡುವ ವಿದ್ಯೆಗೂ ದೀರ್ಘವಾದ ಚರಿತ್ರೆಯಿದೆ. ಆ ಚರಿತ್ರೆಯನ್ನು ಯಾರೂ ಅಷ್ಟಾಗಿ ಬರೆಯಲಿಲ್ಲ. ಆದ್ದರಿಂದಲೇ 2012ರಲ್ಲಿ ಎರಡು ದೈತ್ಯ ಕಂಪೆನಿಗಳು 'ಇದು ನನ್ನ ಸಂಶೋಧನೆ' ಎಂದು ನ್ಯಾಯಾಲಯದಲ್ಲಿ ಜಗಳಕ್ಕೆ ನಿಂತಾಗ ಅದು ಹೊಚ್ಚ ಹೊಸ ಸಂಗತಿಯೆಂದೇ ಬಹಳ ಮಂದಿ ನಂಬಿದರು.

ಚರ್ಮ ಚಪ್ಪಟೆಯಾದ ವಸ್ತು. ಪಾದ ಚಪ್ಪಟೆಯಲ್ಲ. ಹಾಗಾಗಿ ಚರ್ಮವನ್ನು ಹಲವು ತುಂಡುಗಳಾಗಿ ಕತ್ತರಿಸಿ, ಹೊಲಿದು, ಮರದ ಅಚ್ಚಿನ ಮೇಲೆ ಎಳೆದು ಆಕಾರಕ್ಕೆ ತರಬೇಕು. ಕತ್ತರಿಸಿ ಉಳಿದ ಚೂರು ಕಸಕ್ಕೆ ಹೋಗುತ್ತದೆ. ನೂಲಿನ ಹೆಣಿಗೆ ಹಾಗಲ್ಲ. ಒಂದು ಕುಣಿಕೆಯೊಳಗಿಂದ ಇನ್ನೊಂದನ್ನು ಎಳೆಯುತ್ತಾ, ಇಲ್ಲಿ ಎರಡು ಕುಣಿಕೆ ಹೆಚ್ಚಿಸಿ ಅಲ್ಲಿ ನಾಲ್ಕು ಇಳಿಸಿದರೆ ಹಿಮ್ಮಡಿಯ ಗುಂಡು, ಬೆರಳ ತುದಿಯ ಮೊನೆ ತಾನಾಗಿ ಮೂಡುತ್ತದೆ. ಕತ್ತರಿ ಬೇಕಿಲ್ಲ, ಚೂರು ಉಳಿಯುವುದಿಲ್ಲ. ಆದರೆ ನೂಲಿಗೆ ಮೂರು ದೋಷಗಳು: ಹಿಗ್ಗುತ್ತದೆ, ನೀರು ಬಿಟ್ಟುಕೊಳ್ಳುತ್ತದೆ, ಬೇಗ ಸವೆಯುತ್ತದೆ. ಈ ಮೂರಕ್ಕೂ ಮದ್ದು ಹುಡುಕಿದ್ದೇ ನೂಲಿನ ಪಾದರಕ್ಷೆಯ ಇತಿಹಾಸ.

ಹೆಣಿಗೆಗಿಂತ ಹಳೆಯದು ಜಡೆ. ಸ್ಪೇನಿನ ಗ್ರಾನಡಾ ಪ್ರಾಂತದ ಅಲ್ಬುಞೋಲ್ ಎಂಬಲ್ಲಿ 'ಬಾವಲಿಗಳ ಗುಹೆ' ಎಂಬೊಂದು ಗುಹೆಯಿದೆ. 19ನೆಯ ಶತಮಾನದಲ್ಲಿ ಗಣಿಗಾರರು ಅದನ್ನು ಅಗೆದಾಗ ಎಸ್ಪಾರ್ಟೊ ಎಂಬ ಹುಲ್ಲಿನಿಂದ ಮಾಡಿದ ಬುಟ್ಟಿಗಳ ಜೊತೆ ಪಾದರಕ್ಷೆಗಳೂ ದೊರೆತವು. 2023ರಲ್ಲಿ ಪ್ರಕಟವಾದ ಅಧ್ಯಯನ ಈ ಪಾದರಕ್ಷೆಗಳ ವಯಸ್ಸು ಸುಮಾರು ಆರು ಸಾವಿರ ವರ್ಷವೆಂದು ತೋರಿಸಿತು. ಅದೇ ನಾಡಿನಲ್ಲಿ ಹಗ್ಗದ ಅಟ್ಟೆ, ಬಟ್ಟೆಯ ಮೇಲ್ಭಾಗದ ಜೋಡು ಇಂದಿಗೂ ಬಳಕೆಯಲ್ಲಿದೆ. ಅದರ ಸ್ಪ್ಯಾನಿಶ್ ಹೆಸರು 'ಆಲ್ಪಾರ್ಗಾತಾ'. ಆ 'ಅಲ್' ಅರಬಿಯದು. ಅಂದಲೂಸಿನ ಅರಬಿ ಮಾತಿನಿಂದ ಸ್ಪ್ಯಾನಿಶ್‌ಗೆ ಇಳಿದ ಪದ ಇದು. ಹತ್ತಿಗೆ ಅವರು 'ಆಲ್ಗೊದೊನ್' ಎನ್ನುವುದೂ ಅರಬಿಯ 'ಅಲ್ ಖುತ್ನ್'ನಿಂದಲೇ.

ಇನ್ನು ಹೆಣಿಗೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತ, ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿರುವ ಒಂದು ಜೊತೆ ಕೆಂಪು ಉಣ್ಣೆಯ ಕಾಲುಚೀಲಗಳು ಸುಮಾರು ಸಾವಿರದ ಆರುನೂರು ವರ್ಷ ಹಳೆಯವು. ಹೆಬ್ಬೆರಳಿಗೆ ಪ್ರತ್ಯೇಕ ಗೂಡು ಇರುವುದರಿಂದ ಪಟ್ಟಿಯ ಚಪ್ಪಲಿಯ ಜೊತೆ ಹಾಕಲೆಂದೇ ಮಾಡಿದವು ಎಂದು ನೋಡಿದೊಡನೆ ತಿಳಿಯುತ್ತದೆ. ಇವು ಒಂದೇ ಸೂಜಿಯಿಂದ ಕುಣಿಕೆ ಹಾಕಿದವು. ಎರಡು ಕಡ್ಡಿ ಹಿಡಿದು ಹೆಣೆಯುವ, ನಾವಿಂದು ಕಾಣುವ ಹೆಣಿಗೆಯ ಅತಿ ಹಳೆಯ ಮಾದರಿಗಳು ಕೂಡ ಈಜಿಪ್ಟಿನವೇ, ಆದರೆ ಮುಸ್ಲಿಮ್ ಆಳ್ವಿಕೆಯ ಕಾಲದವು. ಬಿಳಿ ಮತ್ತು ನೀಲಿ ಹತ್ತಿ ನೂಲಿನ ಆ ಕಾಲುಚೀಲಗಳ ಕೆಲವು ತುಣುಕುಗಳಲ್ಲಿ ಕೂಫಿ ಲಿಪಿಯ ಅಕ್ಷರಗಳನ್ನು ಹೋಲುವ ಪಟ್ಟಿಗಳಿವೆ. ಸ್ಪೇನಿನ ಬುರ್ಗೋಸ್ ನಗರದ ಮಠವೊಂದರಲ್ಲಿ, 1275ರಲ್ಲಿ ತೀರಿಹೋದ ಕ್ರೈಸ್ತ ರಾಜಕುಮಾರ ಫೆರ್ನಾಂದೊನ ಸಮಾಧಿಯಲ್ಲಿ ರೇಷ್ಮೆಯ ಹೆಣಿಗೆಯ ದಿಂಬೊಂದು ಸಿಕ್ಕಿತು. ಅದರ ಅಂಚಿನಲ್ಲಿ ಅರಬಿಯಲ್ಲಿ 'ಬರಕತ್' ಎಂದು ಹೆಣೆಯಲಾಗಿದೆ. ಯುರೋಪಿನ ಅತಿ ಹಳೆಯ ಹೆಣಿಗೆಗಳಲ್ಲಿ ಇದೂ ಒಂದು.

ನೂಲು ನೀರು ಬಿಟ್ಟುಕೊಳ್ಳುತ್ತದೆ ಎಂಬ ದೋಷದ ಬಗ್ಗೆ ಹಳೆಯ ಕಾಲದಲ್ಲಿ ಅತ್ಯಂತ ಸೂಕ್ಷ್ಮವಾಗಿ ಚರ್ಚಿಸಿದವರು ಮೋಚಿಗಳಲ್ಲ, ಫಿಕ್ಹ್ ಪಂಡಿತರು! ನಮಾಝ್‌ಗೆ ಮುಂಚೆ ವುಝೂ ಮಾಡುವಾಗ, ಕಾಲಲ್ಲಿ ಚರ್ಮದ 'ಖುಫ್ಫ್' ಇದ್ದರೆ ಅದನ್ನು ಕಳಚಿ ಪಾದ ತೊಳೆಯುವ ಬದಲು ಅದರ ಮೇಲೆ ಒದ್ದೆ ಕೈ ಸವರಬಹುದೆಂಬ ರಿಯಾಯಿತಿ ಇಸ್ಲಾಮಿನಲ್ಲಿದೆ. ಇದಕ್ಕೆ ಮಸಹ್ ಎನ್ನುತ್ತಾರೆ. ಹಾಗಾದರೆ ನೂಲಿನ ಕಾಲುಚೀಲದ ಮೇಲೆ? ಅರಬಿಯಲ್ಲಿ ಅದು 'ಜವ್ರಬ್'. ಪಾರಸಿಯ 'ಗೋರಬ್' ಎಂಬುದರ ಅರಬಿ ರೂಪ. ಇಮಾಮ್ ಅಬೂ ಹನೀಫಾ ಅವರು ಜವ್ರಬ್‌ಗೆ ಚರ್ಮದ ಹೊದಿಕೆಯೋ ಚರ್ಮದ ಅಟ್ಟೆಯೋ ಇದ್ದರೆ ಮಾತ್ರ ಸಾಲುತ್ತದೆಂದರು. ಅವರ ಶಿಷ್ಯರಾದ ಅಬೂ ಯೂಸುಫ್ ಮತ್ತು ಇಮಾಮ್ ಮುಹಮ್ಮದ್ ಇದಕ್ಕೆ ಒಪ್ಪಲಿಲ್ಲ. ಚರ್ಮ ಇರಲಿ ಬಿಡಲಿ, ಹೆಣಿಗೆ ದಪ್ಪವಾಗಿದ್ದು ನೀರು ಒಳಗಿಳಿಯದಿದ್ದರೆ ಸಾಕು ಎಂಬುದು ಅವರ ನಿಲುವು. ಕೊನೆಗಾಲದಲ್ಲಿ ಗುರುಗಳೇ ಶಿಷ್ಯರ ಅಭಿಪ್ರಾಯಕ್ಕೆ ಬಂದರೆಂಬ ವರದಿಯನ್ನು 12ನೆಯ ಶತಮಾನದ 'ಹಿದಾಯ' ಗ್ರಂಥ ದಾಖಲಿಸಿದೆ. ಇಮಾಮ್ ಅಹ್ಮದ್ ಅವರೂ ದಪ್ಪನೆಯ, ನಡೆಯುವಾಗ ಜಾರದ ಜವ್ರಬ್‌ಗೆ ಅನುಮತಿ ನೀಡಿದ್ದಾರೆ.

ಮುಂದೆ ಪಂಡಿತರು 'ದಪ್ಪ' ಎಂದರೇನೆಂದು ವಿವರಿಸಿದರು. ಕಟ್ಟದೆ ಕಾಲಿನ ಮೇಲೆ ತಾನೇ ನಿಲ್ಲಬೇಕು. ಅದೊಂದನ್ನೇ ತೊಟ್ಟು ಒಂದು ಫರ್ಸಖ್, ಅಂದರೆ ಐದಾರು ಕಿಲೋಮೀಟರು ನಡೆಯುವಂತಿರಬೇಕು. ನೀರು ಕೂಡಲೇ ಜಿನುಗಬಾರದು. ಆಕಾರ ಉಳಿಯಬೇಕು, ಸವೆಯಬಾರದು, ನೀರು ತಡೆಯಬೇಕು. ಇಂದಿನ ಕಾರ್ಖಾನೆಯ ಪ್ರಯೋಗಾಲಯದಲ್ಲಿ ನೂಲಿನ ಶೂಗೆ ಒಡ್ಡುವ ಪರೀಕ್ಷೆಗಳೂ ಹೆಚ್ಚುಕಡಿಮೆ ಇವೇ. ಆರಾಧನೆಯ ವಿಷಯ ಮಾತನಾಡುತ್ತಾ ಆ ಪಂಡಿತರು ಒಂದು ವಸ್ತುವಿನ ಗುಣಮಟ್ಟವನ್ನೇ ಬರೆದಿಟ್ಟರು. ಹೀಗೆ ಬರೆಯಬೇಕಾದರೆ ಅವರು ಪೇಟೆಯಲ್ಲಿ ಸಿಗುತ್ತಿದ್ದ ಕಾಲುಚೀಲಗಳನ್ನು ಮುಟ್ಟಿ ನೋಡಿದವರೇ ಆಗಿರಬೇಕೆಂದು ನನಗನಿಸುತ್ತದೆ.

ಕಾಲುಚೀಲಕ್ಕೆ ಗಟ್ಟಿ ಅಟ್ಟೆ ಸೇರಿದರೆ ಅದು ಪಾದರಕ್ಷೆಯೇ. ಇರಾನಿನಲ್ಲಿ ಅದಕ್ಕೆ 'ಗೀವೆ' ಎಂದು ಹೆಸರು. ಕುರ್ದಿಗಳು 'ಕಲಾಶ್' ಎನ್ನುತ್ತಾರೆ. ಫಾರ್ಸ್, ಕೆರ್ಮಾನ್‌ಶಾಹ್ ಮೊದಲಾದ ಪ್ರಾಂತಗಳಲ್ಲಿ ಊರಿಗೊಂದು ಬಗೆಯ ಗೀವೆಯಿತ್ತು. ಪಶ್ಚಿಮದ ಗಡಿಯ ಹವ್ರಾಮಾನ್ ಬೆಟ್ಟಗಳಲ್ಲಿ, ಮರೀವಾನ್ ಪಟ್ಟಣದ ಸುತ್ತಮುತ್ತ ಈ ಕಸುಬು ಇನ್ನೂ ಜೀವಂತವಾಗಿದೆ. ಅಟ್ಟೆ ಗಂಡಸರ ಕೆಲಸ. ಹಳೆಯ ಬಟ್ಟೆಯನ್ನು ಪಟ್ಟಿಗಳಾಗಿ ಹರಿದು, ಮಡಚಿ, ಸುತ್ತಿಗೆಯಿಂದ ಬಡಿದು ಬಿಗಿ ಮಾಡಿ, ಒಂದರ ಪಕ್ಕ ಒಂದು ನಿಲ್ಲಿಸಿ, ಅಡ್ಡಲಾಗಿ ಬಾರು ಪೋಣಿಸಿ ಎಳೆಯುತ್ತಾರೆ. ಪಟ್ಟಿಯ ಅಂಚು ನೆಲಕ್ಕೆ ತಾಗುವಂತೆ ನಿಲ್ಲಿಸುವುದರಲ್ಲೇ ಜಾಣ್ಮೆಯಿದೆ. ಪುಸ್ತಕವನ್ನು ಮಲಗಿಸಿ ತುಳಿದರೆ ಮೇಲಿನ ಹಾಳೆ ಹರಿದೀತು, ಬಿಗಿಯಾಗಿ ಕಟ್ಟಿ ನಿಲ್ಲಿಸಿದ ಪುಸ್ತಕದ ಅಂಚು ಅಷ್ಟು ಬೇಗ ಸವೆಯದು. ಮೇಲ್ಭಾಗ ಹೆಂಗಸರದು. ಬಿಳಿಯ ಹತ್ತಿ ದಾರ ಮತ್ತು ಸೂಜಿ ಹಿಡಿದು, ಕುಣಿಕೆಯ ಮೇಲೆ ಕುಣಿಕೆ ಹಾಕುತ್ತಾ, ಮನೆಗೆಲಸದ ನಡುನಡುವೆ ಬಿಗಿಯಾಗಿ ಹೆಣೆಯುತ್ತಾರೆ. ಕಲಾಶ್‌ನಲ್ಲಿ ಎಡ ಬಲ ಎಂಬ ಭೇದವಿಲ್ಲ. ಹಾಕಿ ನಡೆದಂತೆ ದಾರವೇ ಪಾದದ ಆಕಾರಕ್ಕೆ ಒಗ್ಗಿಕೊಳ್ಳುತ್ತದೆ. ಹಿಗ್ಗುವುದು ನೂಲಿನ ದೋಷವೆಂದೆನಲ್ಲ, ಇಲ್ಲಿ ಅದೇ ಗುಣವಾಯಿತು. ಬೇಸಿಗೆಯಲ್ಲಿ ಗಾಳಿಯಾಡುತ್ತದೆ, ಬೆವರು ನಿಲ್ಲುವುದಿಲ್ಲ. ಮಳೆಗೆ ಮಾತ್ರ ಆಗಿಬಾರದು.

ಮಳೆಯ ಪ್ರಶ್ನೆಗೆ ಉತ್ತರ ಬಂದದ್ದು ಬೇರೊಂದು ಖಂಡದಿಂದ. ಮೆಕ್ಸಿಕೊದ ಮೂಲನಿವಾಸಿಗಳು ಮೂರೂವರೆ ಸಾವಿರ ವರ್ಷಗಳ ಹಿಂದೆಯೇ ಮರದ ಹಾಲಿಗೆ ಒಂದು ಬಳ್ಳಿಯ ರಸ ಬೆರೆಸಿ ರಬ್ಬರ್ ಮಾಡುತ್ತಿದ್ದರು. ಯುರೋಪಿನವರಿಗೆ ಈ ವಿದ್ಯೆ ಹತ್ತಲು ಬಹಳ ಕಾಲ ಹಿಡಿಯಿತು. 1823ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂತೋಷ್ ಎರಡು ಬಟ್ಟೆಗಳ ನಡುವೆ ರಬ್ಬರ್ ದ್ರಾವಣ ಹಚ್ಚಿ ನೀರು ತಡೆಯುವ ಬಟ್ಟೆ ಮಾಡಿ ಪೇಟೆಂಟ್ ಪಡೆದರು. ಅದು ಬಿಸಿಲಿಗೆ ಅಂಟಾಗುತ್ತಿತ್ತು, ಚಳಿಗೆ ಸೆಟೆದುಕೊಳ್ಳುತ್ತಿತ್ತು. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಗಂಧಕ ಸೇರಿಸಿ ಕಾಯಿಸಿದಾಗ ಆ ತೊಂದರೆ ತಪ್ಪಿತು. 1844ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಅಲ್ಲಿಂದ ಮುಂದೆ ಕ್ಯಾನ್ವಾಸಿಗೆ ರಬ್ಬರ್ ಅಟ್ಟೆ ಕೂಡಿಸಿದ ಶೂ ಜಗತ್ತನ್ನೇ ಆವರಿಸಿತು. ನಮ್ಮ ಶಾಲೆಗಳಲ್ಲಿ ಶನಿವಾರದ ಡ್ರಿಲ್‌ಗೆ ಹಿಂದಿನ ದಿನವೇ ಬಿಳಿ ಪಾಲಿಶ್ ಬಳಿದು ಒಣಗಿಸಿಡುತ್ತಿದ್ದ ಶೂ ಅದರದೇ ಸಂತಾನ.

ಆದರೆ ಕ್ಯಾನ್ವಾಸ್ ನೇಯ್ದ ಬಟ್ಟೆ, ಹೆಣೆದದ್ದಲ್ಲ. ಮತ್ತೆ ಕತ್ತರಿ, ಮತ್ತೆ ಹೊಲಿಗೆ. ಕಾರ್ಖಾನೆಗೆ ಹಿಗ್ಗದ ಬಟ್ಟೆ ಬೇಕಿತ್ತು, ಹಾಗಾಗಿ ಹೆಣಿಗೆ ಹೊರಗೆ ಕಾಣದಂತೆ ಒಳಸೇರಿತು. ಮಳೆಗಾಲದ ರಬ್ಬರ್ ಬೂಟಿನ ಒಳ ಅಸ್ತರಿ ಹೆಣಿಗೆಯದು. ಅಗ್ಗದ ಚಪ್ಪಲಿಯ ರೆಕ್ಸಿನ್ ಸುಲಿದುಹೋದಾಗ ಅಡಿಯಲ್ಲಿ ಕಾಣುವ ತೆಳು ಬಟ್ಟೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ಹಲವು ಬಾರಿ ಅಲ್ಲಿ ಸಣ್ಣ ಸಣ್ಣ ಕುಣಿಕೆಗಳಿರುತ್ತವೆ. ಅದರ ಮೇಲೆ ಪಿವಿಸಿ ಅಥವಾ ಪಾಲಿಯುರೆಥೇನ್ ಲೇಪಿಸಿ ಚರ್ಮದ ವೇಷ ಹಾಕಿಸಿರುತ್ತಾರೆ. ಈ ಲೇಪಕ್ಕೂ ಬೆಲೆ ತೆರುವವರಿದ್ದಾರೆ. ಪಾಲಿಯುರೆಥೇನನ್ನು ಕರಗಿಸಲು ಬಳಸುವ ಡೈಮೀಥೈಲ್ ಫಾರ್ಮಮೈಡ್ ಎಂಬ ದ್ರಾವಕ ಉಸಿರಿನಲ್ಲೂ ಚರ್ಮದ ಮೂಲಕವೂ ಮೈಸೇರಿ ಯಕೃತ್ತಿಗೆ ಹಾನಿ ಮಾಡುತ್ತದೆ. ಕೃತಕ ಚರ್ಮದ ಕಾರ್ಖಾನೆಗಳ ಕಾರ್ಮಿಕರಲ್ಲಿ ಇದು ಕಂಡುಬಂದಿದೆ. ನೀರಿನಲ್ಲಿ ಕರಗುವ ಬದಲಿ ಲೇಪಗಳು ಬಂದಿವೆ, ಎಲ್ಲ ಕಾರ್ಖಾನೆಗಳಿಗೂ ತಲುಪಿಲ್ಲ.

ಹೆಣಿಗೆ ಮತ್ತೆ ಹೊರಗೆ ಕಾಣಿಸಿಕೊಂಡದ್ದು ಯಂತ್ರ ಬದಲಾದ ಮೇಲೆ. ಜಪಾನಿನ ಶಿಮಾ ಸೈಕಿ ಕಂಪೆನಿ 1995ರಲ್ಲಿ ಹೊಲಿಗೆಯೇ ಇಲ್ಲದಂತೆ ಇಡೀ ಉಡುಪನ್ನು ಹೆಣೆಯುವ ಯಂತ್ರವನ್ನು ಪ್ರದರ್ಶಿಸಿತು. ಒಂದೊಂದು ಸೂಜಿಗೂ ಬೇರೆ ಬೇರೆ ಆದೇಶ ಕೊಡಬಲ್ಲ ಕಂಪ್ಯೂಟರ್ ಯಂತ್ರಗಳಿದ್ದರೆ ಶೂ ಮೇಲ್ಭಾಗವನ್ನು ಏಕೆ ಹೆಣೆಯಬಾರದು? 2012ರ ಫೆಬ್ರವರಿಯಲ್ಲಿ ಅಮೆರಿಕದ ನೈಕಿ 'ಫ್ಲೈನಿಟ್' ಎಂಬ ಶೂ ಬಿಡುಗಡೆ ಮಾಡಿತು. ಅದೇ ವರ್ಷದ ಲಂಡನ್ ಒಲಿಂಪಿಕ್ಸ್ ವೇಳೆಗೆ ಜರ್ಮನಿಯ ಅಡಿಡಾಸ್ 'ಪ್ರೈಮ್‌ನಿಟ್' ತಂದಿತು. ಆಗಸ್ಟಿನಲ್ಲಿ ಜರ್ಮನ್ ನ್ಯಾಯಾಲಯ ನೈಕಿಯ ದೂರಿನ ಮೇಲೆ ಅಡಿಡಾಸ್ ಶೂಗೆ ತಡೆ ನೀಡಿತು, ನವೆಂಬರಿನಲ್ಲಿ ತೆರವುಗೊಳಿಸಿತು. ಅಮೆರಿಕದಲ್ಲಿ ಅಡಿಡಾಸ್ ನೈಕಿಯ ಪೇಟೆಂಟನ್ನೇ ಪ್ರಶ್ನಿಸಿತು. ಈ ವಿದ್ಯೆ ಹೊಸತಲ್ಲ ಎಂದು ತೋರಿಸಲು ಅದು ಮುಂದಿಟ್ಟದ್ದು 1930ರ ದಶಕದ ಹೆಣಿಗೆ ಪೇಟೆಂಟುಗಳನ್ನೂ 1994ರ ಇನ್ನೊಂದನ್ನೂ. ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. 2021ರ ಡಿಸೆಂಬರಿನಲ್ಲಿ ನೈಕಿ ಹೊಸ ದೂರು ಹೂಡಿತು, 2022ರ ಆಗಸ್ಟಿನಲ್ಲಿ ಎರಡೂ ಕಂಪೆನಿಗಳು ಆ ಜಗಳಕ್ಕೆ ರಾಜಿಯಾದವು.

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ಆಧುನಿಕ ಶೂವಿನಲ್ಲಿ ಹೊಸದೇನೂ ಇಲ್ಲವೆಂದರೆ ತಪ್ಪಾಗುತ್ತದೆ. ಪಾಲಿಯೆಸ್ಟರ್ ಎಳೆಗಳ ನಡುವೆ ಶಾಖಕ್ಕೆ ಕರಗುವ ಎಳೆಯನ್ನು ಸೇರಿಸಿ ಹೆಣೆದು ಬಿಸಿ ಕೊಟ್ಟರೆ, ಅದು ಕರಗಿ ಪಕ್ಕದ ಕುಣಿಕೆಗಳನ್ನು ಅಂಟಿಸಿ ಗಟ್ಟಿಯಾಗುತ್ತದೆ. ಹಿಮ್ಮಡಿಯ ಬಳಿ ಬಿಗಿ, ಬೆರಳ ಬುಡದಲ್ಲಿ ಸಡಿಲ ಎಂದು ಬೇಕಾದಲ್ಲಿ ಬೇಕಾದಷ್ಟು ಗಡಸು ತರಬಹುದು. ಹೊರಗಿನಿಂದ ಹಚ್ಚಬೇಕಿದ್ದ ಲೇಪ ಇಲ್ಲಿ ನೂಲಿನೊಳಗೇ ಬಂತು. ಇದು ನಿಜವಾದ ಹೆಜ್ಜೆಯೇ. ಆದರೆ 'ಪಾದದ ಆಕಾರಕ್ಕೆ ಒಂದೇ ತುಂಡಾಗಿ ಹೆಣೆದ ಮೇಲ್ಭಾಗ' ಎಂಬ ಮೂಲ ಕಲ್ಪನೆಗೆ ಒಡೆಯರಿದ್ದಾರೆಯೇ? ಪೇಟೆಂಟ್ ಪರೀಕ್ಷಕರಿಗೆ ಬೇಕಾದದ್ದು ತಾರೀಖು ಇರುವ ದಾಖಲೆ. ಹವ್ರಾಮಾನಿನ ಅಜ್ಜಿ ಮೊಮ್ಮಗಳಿಗೆ ಕಲಿಸಿದ ಕುಣಿಕೆಗೆ ತಾರೀಖಿಲ್ಲ, ಸಹಿಯಿಲ್ಲ. ಕಂಪೆನಿಗಳೆರಡೂ ಪರಸ್ಪರ ಕಾಗದ ತೋರಿಸಿ ಕಾದಾಡಿದವು. ಆ ಕಾಗದಗಳಿಗಿಂತ ಹಿಂದಿನದು ಲೆಕ್ಕಕ್ಕೆ ಬರಲಿಲ್ಲ.

ಕಾಗದಕ್ಕೆ ಇರುವ ಶಕ್ತಿ ನಮ್ಮ ನೆಲದಲ್ಲೂ ಈಚೆಗೆ ಕಂಡಿತು. ಅದು ನೂಲಿನದಲ್ಲ, ಚರ್ಮದ ಜಡೆಯ ಕಥೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪೆನಿ ಮಿಲಾನ್ ಪ್ರದರ್ಶನದಲ್ಲಿ ಕೊಲ್ಹಾಪುರಿ ಮಾದರಿಯ ಚಪ್ಪಲಿಗಳನ್ನು ಅವುಗಳ ಮೂಲ ಹೇಳದೆ ತೋರಿಸಿತು. ಕೊಲ್ಹಾಪುರಿಗೆ ಭೌಗೋಳಿಕ ಸೂಚ್ಯಂಕದ ನೋಂದಣಿ ಇದೆ. ಅದರಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಸೇರಿವೆ. ಅಥಣಿ, ನಿಪ್ಪಾಣಿಗಳಲ್ಲಿ ತಲೆಮಾರುಗಳಿಂದ ದಲಿತ ಕುಟುಂಬಗಳು ಇದನ್ನು ಮಾಡುತ್ತಾ ಬಂದಿವೆ. ಗದ್ದಲವಾದ ಮೇಲೆ ಪ್ರಾಡಾ ಭಾರತದ ಋಣವನ್ನು ಒಪ್ಪಿಕೊಂಡಿತು, ಡಿಸೆಂಬರಿನಲ್ಲಿ ಎರಡೂ ರಾಜ್ಯಗಳ ಚರ್ಮೋದ್ಯಮ ನಿಗಮಗಳೊಂದಿಗೆ ಒಪ್ಪಂದ ಮಾಡಿಕೊಂಡಿತು. ಒಪ್ಪಂದದ ಹಣ ಅಥಣಿಯಲ್ಲಿ ಬಾರು ಹೆಣೆಯುವ ಕೈಗೆ ಎಷ್ಟು ತಲುಪುತ್ತದೆ ಎಂಬುದನ್ನು ಇನ್ನು ಕಾದು ನೋಡಬೇಕು.

ಗೀವೆಗೆ ಇರಾನಿನೊಳಗೇ ಪೆಟ್ಟು ಬಿದ್ದದ್ದು ಮೊದಲು. 20ನೆಯ ಶತಮಾನದ ಮಧ್ಯದಲ್ಲಿ ಶೂ ಕಾರ್ಖಾನೆಗಳು ಬೆಳೆದಂತೆ ಹಳ್ಳಿಗರೂ ಅಗ್ಗದ ರಬ್ಬರ್, ಪ್ಲಾಸ್ಟಿಕ್ ಜೋಡುಗಳಿಗೆ ಮರಳಾದರು. ಬಟ್ಟೆಯ ಅಟ್ಟೆ ಬಡಿಯುವ ಕೆಲಸ ಹೆಚ್ಚು, ಕೂಲಿ ಕಡಿಮೆ. ಹಲವು ಕಡೆ ಆ ಜಾಗಕ್ಕೆ ರಬ್ಬರ್ ಅಟ್ಟೆ ಬಂತು, ಮೇಲ್ಭಾಗ ಮಾತ್ರ ಹೆಂಗಸರ ಕೈಯಲ್ಲೇ ಉಳಿಯಿತು. 2021ರಲ್ಲಿ ಹವ್ರಾಮಾನಿನ ಕಣಿವೆಗಳು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ನೌರೋಝ್‌ಗೂ ಮದುವೆಗೂ ಕುರ್ದಿ ಗಂಡಸರು ದೊಗಲೆ ಶರಾಯಿಯ ಕೆಳಗೆ ಇಂದಿಗೂ ಬಿಳಿಯ ಕಲಾಶ್ ತೊಡುತ್ತಾರೆ, ಮಳೆ ಬಂದರೆ ಕಳಚಿ ಕೈಯಲ್ಲಿ ಹಿಡಿದುಕೊಳ್ಳುತ್ತಾರೆ.