ಹೇಗೋ ನಿಭಾಯಿಸುತ್ತಿದ್ದೇವೆ: ಎಡ್ಮಂಡ್ ಫಿಟ್ಜೆರಾಲ್ಡ್ ಹಡಗಿನ ಕೊನೆಯ ಪಯಣ



ಡೆಟ್ರಾಯಿಟ್, ಮಿಲ್ವಾಕಿ, ಶಿಕಾಗೊ, ಟೊರಾಂಟೊ ಕಡೆ ಮನೆ ಮಾಡಿಕೊಂಡಿರುವ ನಮ್ಮವರಿಗೆ ಮಹಾಸರೋವರಗಳು ಹೊಸವೇನಲ್ಲ. ಬೇಸಿಗೆಯಲ್ಲಿ ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಹೋಗಿ, ದಡದಲ್ಲಿ ಕೂತು ತಿಂದು, ಮಕ್ಕಳನ್ನು ನೀರಿನಲ್ಲಿ ಆಡಿಸಿಕೊಂಡು ಬರುತ್ತೇವೆ. ಊರಿನಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋದರೆ ಅವರು ಕೇಳುವ ಮೊದಲ ಪ್ರಶ್ನೆ, "ಇದು ಸಮುದ್ರ ಅಲ್ಲವೇನೋ?" ಎಂದೇ. ಆ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಐದು ಸರೋವರಗಳಲ್ಲಿ ಹಿರಿಯದಾದ ಸುಪೀರಿಯರ್ ಸರೋವರದ ವಿಸ್ತಾರ ಸುಮಾರು 82,000 ಚದರ ಕಿಲೋಮೀಟರ್. ನಮ್ಮ ಇಡೀ ಕರ್ನಾಟಕದ ಐದರಲ್ಲಿ ಎರಡು ಪಾಲಿಗಿಂತ ಹೆಚ್ಚು. ಅತಿ ಆಳದ ಜಾಗದಲ್ಲಿ 1,333 ಅಡಿ ನೀರಿದೆ. ಅಷ್ಟೂ ಸಿಹಿನೀರು, ಮತ್ತು ಕೊರೆಯುವಷ್ಟು ತಣ್ಣನೆಯ ನೀರು.

ಬೇಸಿಗೆಯ ಆ ಸರೋವರವೇ ಬೇರೆ, ನವೆಂಬರಿನ ಸರೋವರವೇ ಬೇರೆ. ಬೇಸಿಗೆಯಿಡೀ ಕುಡಿದ ಬಿಸಿಲಿನ ಕಾವು ನೀರಿನಲ್ಲಿ ಇನ್ನೂ ಸ್ವಲ್ಪ ಉಳಿದಿರುತ್ತದೆ. ಅದರ ಮೇಲೆ ಕೆನಡಾದ ಕಡೆಯಿಂದ ಹಿಮಗಾಳಿ ಇಳಿಯುತ್ತದೆ, ದಕ್ಷಿಣದಿಂದ ತೇವದ ಗಾಳಿ ಏರುತ್ತದೆ. ಇವು ಸೇರಿದಾಗ ಹುಟ್ಟುವ ಬಿರುಗಾಳಿಗೆ ಇಲ್ಲಿನ ಹಡಗಿನವರು ತಿಂಗಳ ಹೆಸರನ್ನೇ ಇಟ್ಟುಬಿಟ್ಟಿದ್ದಾರೆ. 1913ರ ನವೆಂಬರಿನಲ್ಲಿ ಒಂದೇ ಬಿರುಗಾಳಿಗೆ ಹನ್ನೆರಡು ಹಡಗುಗಳು ಮುಳುಗಿ 250ಕ್ಕೂ ಹೆಚ್ಚು ಜನ ಸತ್ತರು. 1958ರ ನವೆಂಬರಿನಲ್ಲಿ ಮಿಶಿಗನ್ ಸರೋವರದಲ್ಲಿ ಕಾರ್ಲ್ ಡಿ. ಬ್ರಾಡ್ಲಿ ಮುಳುಗಿದಾಗ 35 ಜನರಲ್ಲಿ ಉಳಿದವರು ಇಬ್ಬರು. 1966ರ ನವೆಂಬರಿನಲ್ಲಿ ಹ್ಯೂರಾನ್ ಸರೋವರದಲ್ಲಿ ಡೇನಿಯಲ್ ಜೆ. ಮೊರೆಲ್ ಎರಡು ತುಂಡಾದಾಗ 29 ಜನರಲ್ಲಿ ಉಳಿದವನು ಒಬ್ಬ. ಇವತ್ತು ನಾನು ಹೇಳಹೊರಟಿರುವ ಹಡಗಿನಲ್ಲೂ 29 ಜನರಿದ್ದರು. ಒಬ್ಬರೂ ಉಳಿಯಲಿಲ್ಲ.

ಎಡ್ಮಂಡ್ ಫಿಟ್ಜೆರಾಲ್ಡ್ ನೀರಿಗಿಳಿದದ್ದು 1958ರ ಜೂನ್‌ನಲ್ಲಿ, ಡೆಟ್ರಾಯಿಟ್ ಪಕ್ಕದ ರಿವರ್ ರೂಜ್‌ನಲ್ಲಿ. ಉದ್ದ 729 ಅಡಿ, ಅಗಲ 75 ಅಡಿ. ಆ ದಿನಕ್ಕೆ ಸರೋವರಗಳ ಮೇಲಿದ್ದ ಹಡಗುಗಳಲ್ಲೆಲ್ಲ ದೊಡ್ಡದು. ಕಟ್ಟಿಸಿದ್ದು ಮಿಲ್ವಾಕಿಯ ಒಂದು ಜೀವವಿಮೆ ಕಂಪನಿ, ಹೆಸರು ಆ ಕಂಪನಿಯ ಅಧ್ಯಕ್ಷರದ್ದು. ನಾವು ಹೊಸ ಕಾರಿನ ಮುಂದೆ ತೆಂಗಿನಕಾಯಿ ಒಡೆಯುವಂತೆ ಇವರು ಹಡಗಿನ ಮೂತಿಗೆ ಶಾಂಪೇನ್ ಬಾಟಲಿ ಒಡೆಯುತ್ತಾರಲ್ಲ, ಅಂದು ಅದು ಒಡೆಯಲು ಮೂರು ಏಟು ಬೇಕಾಯಿತು. ಇದನ್ನು ಅಪಶಕುನ ಎಂದವರೂ ಉಂಟು. ಆದರೆ ಅದಾದ ಮೇಲೆ ಹದಿನೇಳು ವರ್ಷ ಹಡಗು ಚೆನ್ನಾಗಿಯೇ ದುಡಿಯಿತು. ಶಕುನಕ್ಕೆ ಅಷ್ಟು ತಾಳ್ಮೆ ಇರುತ್ತದೆಂದು ನನಗೇನೂ ಅನ್ನಿಸುವುದಿಲ್ಲ.

ಹಡಗು ಹೊರುತ್ತಿದ್ದದ್ದು ಟ್ಯಾಕೊನೈಟ್. ಮಂಗಳೂರಿನವರಿಗೆ ಇದನ್ನು ವಿವರಿಸುವುದು ಸುಲಭ. ಕುದುರೆಮುಖದ ಕಡಿಮೆ ದರ್ಜೆಯ ಅದಿರನ್ನು ಪುಡಿ ಮಾಡಿ, ಕಬ್ಬಿಣದ ಅಂಶ ಬೇರ್ಪಡಿಸಿ, ಪಣಂಬೂರಿನಲ್ಲಿ ಗೋಲಿಯಂಥ ಉಂಡೆ ಕಟ್ಟುತ್ತಿದ್ದರಲ್ಲ, ಮಿನೆಸೋಟಾದ ಟ್ಯಾಕೊನೈಟ್ ಕೂಡ ಅದೇ ಜಾತಿಯದು. ಅಲ್ಲಿಂದ ಡೆಟ್ರಾಯಿಟ್, ಕ್ಲೀವ್‌ಲ್ಯಾಂಡ್ ಕಡೆಯ ಉಕ್ಕಿನ ಕುಲುಮೆಗಳಿಗೆ ಹಡಗಿನಲ್ಲಿ ಸಾಗಬೇಕು. ಚಳಿಗಾಲದಲ್ಲಿ ಸರೋವರದ ದಾರಿ ಹೆಪ್ಪುಗಟ್ಟುವುದರೊಳಗೆ ಎಷ್ಟು ಸಲ ಹೋಗಿಬಂದರೆ ಅಷ್ಟು ಲಾಭ. ನವೆಂಬರಿನಲ್ಲಿ ಹಡಗುಗಳು ಬಂದರಿನಲ್ಲಿ ಸುಮ್ಮನೆ ಕೂರದೇ ಇದ್ದದ್ದಕ್ಕೆ ಇದೇ ಕಾರಣ.

1975ರ ನವೆಂಬರ್ 9, ಭಾನುವಾರ. ವಿಸ್ಕಾನ್ಸಿನ್‌ನ ಸುಪೀರಿಯರ್ ಪಟ್ಟಣದಲ್ಲಿ 26,116 ಟನ್ ಪೆಲೆಟ್ ತುಂಬಿಕೊಂಡು ಹಡಗು ಮಧ್ಯಾಹ್ನ ಎರಡೂಕಾಲಿಗೆ ಹೊರಟಿತು. ಸೇರಬೇಕಾದದ್ದು ಡೆಟ್ರಾಯಿಟ್ ಬಳಿಯ ಜಗ್ ಐಲ್ಯಾಂಡ್. ಕ್ಯಾಪ್ಟನ್ ಅರ್ನೆಸ್ಟ್ ಮೆಕ್‌ಸಾರ್ಲಿ, ವಯಸ್ಸು 63, ಸರೋವರಗಳ ಮೇಲೆ ನಲವತ್ತು ವರ್ಷಗಳಿಗೂ ಮೀರಿದ ಅನುಭವ. ಅವರ ಕೈಕೆಳಗೆ ಇಪ್ಪತ್ತರ ಹುಡುಗರಿಂದ ಅರವತ್ತು ದಾಟಿದ ಅಡುಗೆಯವರವರೆಗೆ 28 ಜನ. ಸ್ವಲ್ಪ ಹಿಂದೆ ಆರ್ಥರ್ ಎಂ. ಆಂಡರ್ಸನ್ ಎಂಬ ಇನ್ನೊಂದು ಅದಿರು ಹಡಗು, ಅದರ ಕ್ಯಾಪ್ಟನ್ ಕೂಪರ್. ಹವಾಮಾನದ ಎಚ್ಚರಿಕೆ ಬಂದಾಗ ಇಬ್ಬರೂ ರೇಡಿಯೊದಲ್ಲಿ ಮಾತಾಡಿಕೊಂಡು ಕೆನಡಾ ದಡಕ್ಕೆ ಹತ್ತಿರದ ಉತ್ತರದ ದಾರಿ ಹಿಡಿದರು. ಬೆಟ್ಟಗಳ ಮರೆಯಲ್ಲಿ ಗಾಳಿ ಕಡಿಮೆ ಎಂಬ ಲೆಕ್ಕ. ತಿಳಿದವರ ಲೆಕ್ಕವೇ ಅದು. ಆದರೆ ಮರುದಿನ ಮಧ್ಯಾಹ್ನದ ಹೊತ್ತಿಗೆ ಗಾಳಿ ವಾಯವ್ಯಕ್ಕೆ ತಿರುಗಿತು. ಇಡೀ ಸರೋವರದ ಉದ್ದಕ್ಕೂ ಬೆಳೆದುಕೊಂಡು ಬಂದ ಅಲೆಗಳು ಹಡಗಿನ ಬೆನ್ನಿಗೆ ಬಿದ್ದವು.

ಸೋಮವಾರ ಮಧ್ಯಾಹ್ನ ಮೂರೂವರೆಗೆ ಮೆಕ್‌ಸಾರ್ಲಿ ಆಂಡರ್ಸನ್‌ಗೆ ತಿಳಿಸಿದರು: ಡೆಕ್ಕಿನ ಕಂಬಿಬೇಲಿ ಮುರಿದಿದೆ, ಗಾಳಿಕೊಳವೆಗಳ ಎರಡು ಮುಚ್ಚಳ ಹೋಗಿವೆ, ಹಡಗು ಒಂದು ಕಡೆಗೆ ವಾಲಿದೆ, ನೀರೆತ್ತುವ ಪಂಪುಗಳು ನಡೆಯುತ್ತಿವೆ. ನೀವು ಹತ್ತಿರ ಬರುವಂತೆ ನಾನು ವೇಗ ಕಡಿಮೆ ಮಾಡುತ್ತೇನೆ ಎಂದರು. ಸ್ವಲ್ಪ ಹೊತ್ತಿಗೆ ಎರಡೂ ರೇಡಾರ್ ಕೆಟ್ಟವು. ಇನ್ನು ಆಂಡರ್ಸನ್ ಹೇಳಿದ ದಿಕ್ಕೇ ದಿಕ್ಕು. ಮುಂದೆ ವೈಟ್‌ಫಿಶ್ ಕೊಲ್ಲಿಯ ಆಸರೆ ಇದೆ, ಅದರ ಬಾಯಲ್ಲಿ ದೀಪಸ್ತಂಭ ಇದೆ. ಆ ಸಂಜೆ ಅದರ ದೀಪವೂ ಇರಲಿಲ್ಲ, ರೇಡಿಯೊ ಸಂಕೇತವೂ ಇರಲಿಲ್ಲ. ಆ ಕಡೆಯಲ್ಲಿದ್ದ ಸ್ವೀಡನ್ನಿನ ಅವಾಫೋರ್ಸ್ ಹಡಗಿನ ಜೊತೆ ಮಾತಾಡುವಾಗ ಮೆಕ್‌ಸಾರ್ಲಿ, ತಾವು ಕಂಡ ಅತಿ ಕೆಟ್ಟ ಸ್ಥಿತಿಗಳಲ್ಲಿ ಇದೊಂದು ಎಂದರು. ಜಂಬ ಕೊಚ್ಚಿಕೊಳ್ಳುವ ಮನುಷ್ಯನಲ್ಲ, ಹೆದರಿ ಕೂಗುವ ಮನುಷ್ಯನೂ ಅಲ್ಲ.

ಏಳು ಗಂಟೆ ಹತ್ತು ನಿಮಿಷಕ್ಕೆ ಆಂಡರ್ಸನ್‌ನಿಂದ ಕೇಳಿದರು, ನಿಮ್ಮ ತೊಂದರೆ ಹೇಗಿದೆ ಎಂದು. ಬಂದ ಉತ್ತರದ ಅರ್ಥ ಇಷ್ಟು: ಹೇಗೋ ನಿಭಾಯಿಸುತ್ತಿದ್ದೇವೆ. ಆಮೇಲೆ ಹಿಮ ಸುರಿದು ರೇಡಾರ್ ಪರದೆ ಮಸುಕಾಯಿತು. ಹಿಮ ನಿಂತು ದೃಷ್ಟಿ ತಿಳಿಯಾದಾಗ ದೂರದ ಹಡಗುಗಳ ದೀಪಗಳು ಕಂಡವು, ಫಿಟ್ಜೆರಾಲ್ಡ್ ಕಾಣಲಿಲ್ಲ. ಅಪಾಯದ ಕರೆ ಒಂದೂ ಬಂದಿರಲಿಲ್ಲ. ಅಂದರೆ ಆಗಿದ್ದು ರೇಡಿಯೊ ಕೈಗೆತ್ತಿಕೊಳ್ಳುವಷ್ಟೂ ಸಮಯ ಕೊಡದೆ.

ಇಲ್ಲಿ ಕೂಪರ್ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರ ಹಡಗು ಅಷ್ಟರಲ್ಲಿ ಕೊಲ್ಲಿಯ ಆಸರೆ ಸೇರುವುದರಲ್ಲಿತ್ತು. ಸಂಜೆ ಆರೂವರೆ ಸುಮಾರಿಗೆ 35 ಅಡಿಯ ಎರಡು ಅಲೆಗಳು ತಮ್ಮ ಡೆಕ್ಕಿನ ಮೇಲೇ ಹಾದುಹೋದದ್ದನ್ನು ಅವರು ಕಂಡಿದ್ದರು. ಕೋಸ್ಟ್ ಗಾರ್ಡ್ ಹತ್ತಿರ ಅಂಥ ನೀರಿಗೆ ತಕ್ಷಣ ಇಳಿಸಬಲ್ಲ ಹಡಗು ಇರಲಿಲ್ಲ. ಮತ್ತೆ ಹೊರಗೆ ಹೋಗಿ ಹುಡುಕುತ್ತೀರಾ ಎಂದು ಅವರನ್ನೇ ಕೇಳಿದರು. ಕೂಪರ್ ಹಿಂಜರಿದರು, ನಮ್ಮ ಗತಿಯೂ ಅದೇ ಆಗಬಹುದು ಎಂದರು, ಆಮೇಲೆ ಹಡಗು ತಿರುಗಿಸಿ ಹೋದರು. ವಿಲಿಯಂ ಕ್ಲೇ ಫೋರ್ಡ್ ಎಂಬ ಹಡಗೂ ಹೋಯಿತು. ಸಿಕ್ಕಿದ್ದು ನಜ್ಜುಗುಜ್ಜಾದ ಎರಡು ಲೈಫ್‌ಬೋಟ್, ತೆಪ್ಪಗಳು, ಒಂದಷ್ಟು ಚೂರುಪಾರು. ಒಂದು ದೇಹವೂ ತೇಲಿ ಬರಲಿಲ್ಲ. ಸುಪೀರಿಯರ್‌ನ ಆಳದ ನೀರು ಸುಮಾರು 4 ಡಿಗ್ರಿಯಲ್ಲೇ ಇರುತ್ತದೆ. ಆ ಚಳಿಯಲ್ಲಿ ಕೊಳೆಯಿಸುವ ಬ್ಯಾಕ್ಟೀರಿಯಾಗಳಿಗೆ ಕೆಲಸ ಸಾಗದು. ಆದ್ದರಿಂದ ಮುಳುಗಿದ ದೇಹ ಮೇಲಕ್ಕೆ ಬರುವುದಿಲ್ಲ.

ನಾಲ್ಕು ದಿನದ ನಂತರ ಅಮೆರಿಕದ ನೌಕಾಪಡೆಯ ವಿಮಾನವೊಂದು ಕಬ್ಬಿಣದ ಕಾಂತ ಗುರುತಿಸುವ ಉಪಕರಣದಿಂದ ಜಾಗ ಪತ್ತೆ ಮಾಡಿತು. ಕೊಲ್ಲಿಯ ಬಾಯಿಂದ ಸುಮಾರು 17 ಮೈಲಿ, 530 ಅಡಿ ಆಳ, ಕೆನಡಾದ ನೀರು. ಮರುವರ್ಷ ಕ್ಯಾಮೆರಾ ಇಳಿಸಿದಾಗ ಕಂಡದ್ದು: ಹಡಗು ಎರಡು ತುಂಡು, ಮುಂಭಾಗ ನೆಟ್ಟಗೆ ಕೂತಿದೆ, ಹಿಂಭಾಗ ಮಗುಚಿದೆ. ಅದರ ಮೇಲೆ ಹೆಸರು ತಲೆಕೆಳಗಾಗಿ ಓದಿಸುತ್ತಿತ್ತು.

ಇನ್ನು ಜಗಳದ ವಿಷಯ. ಯಾಕೆ ಮುಳುಗಿತು? 1977ರಲ್ಲಿ ಕೋಸ್ಟ್ ಗಾರ್ಡ್ ವರದಿ ಬಂತು. ಹಡಗಿನ ಡೆಕ್ಕಿನ ಮೇಲೆ ಅದಿರು ತುಂಬುವ 21 ಬಾಯಿಗಳು, ಪ್ರತಿ ಮುಚ್ಚಳಕ್ಕೂ 68 ಕ್ಲ್ಯಾಂಪ್. ಲೆಕ್ಕ ಹಾಕಿ, 1,428 ಕ್ಲ್ಯಾಂಪ್‌ಗಳನ್ನು ಕೈಯಿಂದ ಬಿಗಿಯಬೇಕು. ಚಿತ್ರಗಳಲ್ಲಿ ಎಷ್ಟೋ ಕ್ಲ್ಯಾಂಪ್‌ಗಳಿಗೆ ಏನೂ ಪೆಟ್ಟಾಗಿರಲಿಲ್ಲ, ಆದ್ದರಿಂದ ಅವನ್ನು ಬಿಗಿದೇ ಇರಲಿಲ್ಲ, ಮುಚ್ಚಳದ ಸಂದಿಯಿಂದ ದಿನವಿಡೀ ನೀರು ಇಳಿದಿದೆ ಎಂದು ವರದಿ ಹೇಳಿತು. ಈ ಮಾತು ಸತ್ತವರ ಮನೆಯವರಿಗೆ ಹೇಗೆ ಕೇಳಿಸಿತೆಂದು ಯೋಚಿಸಿ. ನಿಮ್ಮ ಮಗ ಮಾಡಬೇಕಾದ ಕೆಲಸ ಮಾಡಲಿಲ್ಲ ಎಂದ ಹಾಗೆ. ಉತ್ತರ ಹೇಳಲು ಮಗ ಇಲ್ಲ.

ಹಡಗು ಮಾಲೀಕರ ಸಂಘ ಇದನ್ನು ಒಪ್ಪಲಿಲ್ಲ. ಕ್ಯಾರಿಬೂ ದ್ವೀಪದ ಹತ್ತಿರ ಸಿಕ್ಸ್ ಫ್ಯಾದಮ್ ಎಂಬ ಮುಳುಗುದಿಬ್ಬ ಇದೆ, ತಳ ಅದಕ್ಕೆ ಉಜ್ಜಿರಬೇಕು ಎಂದಿತು. ಆಂಡರ್ಸನ್‌ನ ರೇಡಾರ್ ನೋಡುತ್ತಿದ್ದ ಕೂಪರ್‌ಗೂ ಹಡಗು ಆ ದಿಬ್ಬಕ್ಕೆ ತೀರ ಸಮೀಪ ಹೋಯಿತೆಂದೇ ಅನ್ನಿಸಿತ್ತು. 1976ರಲ್ಲಿ ಕೆನಡಾದವರು ಅಳೆದು ನೋಡಿದಾಗ ಆ ದಿಬ್ಬ ನಕ್ಷೆಯಲ್ಲಿ ತೋರಿಸಿದ್ದಕ್ಕಿಂತ ಸುಮಾರು ಒಂದು ಮೈಲಿ ಪೂರ್ವಕ್ಕೆ ಚಾಚಿತ್ತು! 1978ರಲ್ಲಿ ಸಾರಿಗೆ ಸುರಕ್ಷತಾ ಮಂಡಳಿ, ಭಾರೀ ಅಲೆಗಳ ತೂಕಕ್ಕೆ ಮುಚ್ಚಳಗಳೇ ಕುಸಿದವು ಎಂದಿತು. ಆ ಮಂಡಳಿಯ ಒಬ್ಬ ಸದಸ್ಯರು ಮಾತ್ರ, ಇಲ್ಲ, ದಿಬ್ಬವೇ ಕಾರಣ ಎಂದು ಬೇರೆ ಅಭಿಪ್ರಾಯ ಬರೆದರು.

ಇದೆಲ್ಲದರ ನಡುವೆ ನನ್ನ ಕಣ್ಣಿಗೆ ಕುಟ್ಟುವ ಸಂಗತಿ ಬೇರೆ. ಹಡಗಿಗೆ ಎಷ್ಟು ಸರಕು ತುಂಬಬಹುದು, ಡೆಕ್ಕು ನೀರಿನಿಂದ ಎಷ್ಟು ಎತ್ತರ ಇರಬೇಕು ಎಂಬುದಕ್ಕೆ ಸರ್ಕಾರದ ನಿಯಮ ಇರುತ್ತದೆ. 1969, 1971, 1973ರಲ್ಲಿ ಮೂರು ಸಲ ಆ ನಿಯಮವನ್ನು ಸಡಿಲಿಸಿದರು. ಒಟ್ಟು 39 ಇಂಚಿಗೂ ಹೆಚ್ಚು. ಕಟ್ಟಿದಾಗಿನದಕ್ಕಿಂತ ಅಷ್ಟು ಕೆಳಗೆ ಮುಳುಗಿಸಿಕೊಂಡು, ನೀರಿನಿಂದ ಸುಮಾರು ಹನ್ನೊಂದೂವರೆ ಅಡಿ ಮಾತ್ರ ಎತ್ತರದಲ್ಲಿದ್ದ ಡೆಕ್ಕಿನೊಂದಿಗೆ ಆ ಹಡಗು 35 ಅಡಿಯ ಅಲೆಗಳಿಗೆ ಎದುರಾಯಿತು. ಒಳಗೆ ಸರಕಿನ ಕೋಣೆಗಳ ನಡುವಿನ ಗೋಡೆಗಳು ನೀರು ತಡೆಯುವಂಥವಲ್ಲ. ಒಂದು ಕಡೆ ನುಗ್ಗಿದ ನೀರು ಎಲ್ಲ ಕಡೆಗೂ ಹರಿಯುತ್ತದೆ. ಎಷ್ಟು ಹರಿದಿದೆ ಎಂದು ನೋಡಿ ತಿಳಿಯುವ ಉಪಕರಣವೂ ಇರಲಿಲ್ಲ. ಹೀಗಿರುವಾಗ ಹುಡುಗರು ಕ್ಲ್ಯಾಂಪ್ ಬಿಗಿದರೋ ಇಲ್ಲವೋ ಎಂಬುದನ್ನೇ ಮೊದಲ ಪ್ರಶ್ನೆ ಮಾಡಿದ್ದು ನನಗೆ ನ್ಯಾಯವೆನ್ನಿಸುವುದಿಲ್ಲ.

ಈ ಅವಘಡ ಊರೂರಿಗೂ ಗೊತ್ತಾಗಿದ್ದು ಕೆನಡಾದ ಗಾಯಕ ಗಾರ್ಡನ್ ಲೈಟ್‌ಫುಟ್ ಅವರಿಂದ. 1976ರಲ್ಲಿ ಅವರು ಬರೆದು ಹಾಡಿದ ಆರು ನಿಮಿಷಕ್ಕೂ ಉದ್ದದ ಲಾವಣಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೇರಿತು. ನಮ್ಮ ಕಡೆ ವೀರರ ಮೇಲೆ ಲಾವಣಿ ಕಟ್ಟಿದ ಹಾಗೆಯೇ. ಅದರಲ್ಲೂ ಬಾಗಿಲ ಮುಚ್ಚಳ ಕುಸಿದ ಪ್ರಸ್ತಾಪ ಇತ್ತು. 2010ರಲ್ಲಿ ಬಂದ ಸಾಕ್ಷ್ಯಚಿತ್ರವೊಂದು ದೈತ್ಯ ಅಲೆಯೇ ಕಾರಣವೆಂದು ವಾದಿಸಿದ ಮೇಲೆ ಲೈಟ್‌ಫುಟ್ ವೇದಿಕೆಯಲ್ಲಿ ಹಾಡುವಾಗ ಆ ಸಾಲನ್ನೇ ಬದಲಾಯಿಸಿದರು. ಮೂವತ್ತು ವರ್ಷ ಹಾಡಿ ಹೆಸರು ತಂದುಕೊಟ್ಟ ಸಾಲನ್ನು, ಅದು ಯಾರಿಗೋ ನೋವು ಕೊಡುತ್ತಿದೆ ಎಂದು ತಿದ್ದಿಕೊಳ್ಳುವವರು ಎಷ್ಟು ಜನ?

ಹಡಗು ಹೋದ ಮರುದಿನ ಬೆಳಗ್ಗೆ ಡೆಟ್ರಾಯಿಟ್‌ನ ಮರಿನರ್ಸ್ ಚರ್ಚ್ 29 ಸಲ ಗಂಟೆ ಬಾರಿಸಿತ್ತು. 2023ರ ಮೇ ತಿಂಗಳಲ್ಲಿ ಲೈಟ್‌ಫುಟ್ ತೀರಿಕೊಂಡಾಗ ಅದೇ ಚರ್ಚ್ 30 ಸಲ ಬಾರಿಸಿತು.

ಮುಂದೆ ನಿಯಮಗಳು ಬಿಗಿಯಾದವು. ಆಳ ಅಳೆಯುವ ಯಂತ್ರ, ಚಳಿನೀರಿನಲ್ಲಿ ಜೀವ ಉಳಿಸುವ ದಿರಿಸು, ನವೆಂಬರಿಗೆ ಮುಂಚಿನ ತಪಾಸಣೆ ಎಲ್ಲವೂ ಬಂದವು. 1995ರಲ್ಲಿ ಮನೆಯವರ ಕೋರಿಕೆಯಂತೆ ಹಡಗಿನ ಗಂಟೆಯನ್ನು ಮೇಲೆತ್ತಿ, ಅದರ ಜಾಗದಲ್ಲಿ 29 ಹೆಸರು ಕೆತ್ತಿದ ಇನ್ನೊಂದು ಗಂಟೆ ಇಟ್ಟರು. ಈಗ ಆ ಜಾಗ ಸಮಾಧಿ ಇದ್ದ ಹಾಗೆ, ಒಂಟಾರಿಯೊ ಸರ್ಕಾರದ ಪರವಾನಗಿ ಇಲ್ಲದೆ ಯಾರೂ ಅಲ್ಲಿಗೆ ಇಳಿಯುವಂತಿಲ್ಲ. 2025ಕ್ಕೆ ಐವತ್ತು ವರ್ಷ ತುಂಬಿತು. ಆ ಬೇಸಿಗೆಯಲ್ಲಿ ಈಜುಗಾರರ ತಂಡವೊಂದು ಸರದಿಯ ಮೇಲೆ 411 ಮೈಲಿ ಈಜಿ, ಹಡಗು ಮುಳುಗಿದ ಜಾಗದಿಂದ ಡೆಟ್ರಾಯಿಟ್‌ಗೆ ಒಂದಷ್ಟು ಟ್ಯಾಕೊನೈಟ್ ಪೆಲೆಟ್ ತಲುಪಿಸಿತು.

ನೀವು ಮಿಶಿಗನ್‌ನ ಮೇಲುಭಾಗಕ್ಕೆ ಹೋದರೆ ಸೂ ಲಾಕ್ಸ್ ನೋಡುವುದು ಹೇಗೂ ಇದ್ದೇ ಇರುತ್ತದೆ. ಅಲ್ಲೇ ಸಮೀಪದ ವ್ಯಾಲಿ ಕ್ಯಾಂಪ್ ಎಂಬ ಹಳೆಯ ಹಡಗಿನಲ್ಲಿ ಆ ಎರಡು ಲೈಫ್‌ಬೋಟ್‌ಗಳನ್ನಿಟ್ಟಿದ್ದಾರೆ. ಉಕ್ಕು ಹೇಗೆ ಮಡಚಿಕೊಂಡಿದೆ ಎಂದು ಹತ್ತಿರದಿಂದ ನೋಡಬಹುದು. ಅಲ್ಲಿಂದ ಒಂದೂವರೆ ತಾಸಿನ ದಾರಿ ವೈಟ್‌ಫಿಶ್ ಪಾಯಿಂಟ್. ಮೇಲೆತ್ತಿದ ಗಂಟೆ ಅಲ್ಲಿನ ಮ್ಯೂಸಿಯಮ್ಮಿನಲ್ಲಿದೆ. ಪ್ರತಿ ನವೆಂಬರ್ 10ರ ಸಂಜೆ ಅದನ್ನು 29 ಸಲ ಬಾರಿಸಿ, ಸರೋವರಗಳಲ್ಲಿ ಸತ್ತ ಉಳಿದವರೆಲ್ಲರಿಗಾಗಿ ಇನ್ನೊಂದು ಸಲ ಬಾರಿಸುತ್ತಾರೆ. ಅಂದು ಹೋಗುವುದಾದರೆ ಬೆಚ್ಚಗೆ ಹೊದ್ದುಕೊಂಡು ಹೋಗಿ, ದಡದಲ್ಲಿ ಗಾಳಿ ಬಹಳ.