ಹಳೆಯ ಭೂಪಟಕ್ಕೆ ಹೊಸ ಬೆಲೆ: ವಿಡಿಯೊ ಗೇಮ್ ಸೀಕ್ವೆಲ್‌ಗಳ ಹಾದಿ

2023ರ ಮೇ ತಿಂಗಳಲ್ಲಿ ನಿಂಟೆಂಡೊ ಜೆಲ್ಡಾ ಸರಣಿಯ ‘ಟಿಯರ್ಸ್ ಆಫ್ ದಿ ಕಿಂಗ್‌ಡಮ್’ ಆಟವನ್ನು 70 ಡಾಲರ್‌ಗೆ ಮಾರುಕಟ್ಟೆಗೆ ತಂದಿತು. ಸ್ವಿಚ್ ಯಂತ್ರದ ಆಟಕ್ಕೆ ಆ ಕಂಪನಿ ಅಷ್ಟು ಬೆಲೆ ಇಟ್ಟದ್ದು ಅದೇ ಮೊದಲು. 2017ರ ‘ಬ್ರೆತ್ ಆಫ್ ದಿ ವೈಲ್ಡ್’ನ ಹೈರೂಲ್ ನಾಡೇ ಇಲ್ಲೂ ಇದ್ದುದರಿಂದ, ಇದು ಪೂರ್ತಿ ಬೆಲೆಗೆ ಮಾರುವ ಡಿಎಲ್‌ಸಿ (ಹಳೆಯ ಆಟಕ್ಕೆ ಸೇರಿಸುವ ಹೆಚ್ಚುವರಿ ಭಾಗ) ಎಂಬ ದೂರು ಬಿಡುಗಡೆಗೆ ಮೊದಲೇ ಕೇಳಿಬಂತು. ಹೊಸ ಮ್ಯಾಪ್ ಎಷ್ಟು ದೊಡ್ಡದು, ಗ್ರಾಫಿಕ್ಸ್ ಎಷ್ಟು ಸುಧಾರಿಸಿದೆ, ಎಷ್ಟು ಗಂಟೆ ಆಡಬಹುದು ಎಂದು ಎಣಿಸಿ ಸೀಕ್ವೆಲ್‌ನ ಬೆಲೆ ಕಟ್ಟುವ ಈ ರೂಢಿ ಈಗ ವಿಮರ್ಶೆಯ ಹೆಸರಿನಲ್ಲೇ ನಡೆಯುತ್ತಿದೆ. ಈ ಅಳತೆಯೇ ತಪ್ಪು ಎಂಬುದು ನನ್ನ ವಾದ. ಹಿಂದಿನ ಆಟದಲ್ಲಿ ಕಲಿತ ಅಭ್ಯಾಸ ಇಲ್ಲಿ ಸಾಲದೇ ಹೋಗಿ, ಆಡುವವರು ಹೊಸದಾಗಿ ಯೋಚಿಸಬೇಕಾಗಿ ಬರುತ್ತದೆಯೇ ಎಂಬುದೊಂದೇ ಕೇಳಬೇಕಾದ ಪ್ರಶ್ನೆ. ನಲವತ್ತು ವರ್ಷಗಳ ಸೀಕ್ವೆಲ್‌ಗಳು ಇದಕ್ಕೆ ಸಾಕಷ್ಟು ಆಧಾರ ಕೊಡುತ್ತವೆ.

ಆರ್ಕೇಡ್ ಕಾಲದಲ್ಲಿ ಆಡುವವರು ನಾಣ್ಯ ಹಾಕಿ ಆಡುತ್ತಿದ್ದರಿಂದ ಪೂರ್ತಿ ಬೆಲೆಯ ಪ್ರಶ್ನೆ ಏಳಲಿಲ್ಲ. ಆದರೂ ಒಳ್ಳೆಯ ಸೀಕ್ವೆಲ್‌ನ ಲಕ್ಷಣ ಆಗಲೇ ಸ್ಪಷ್ಟವಾಗಿತ್ತು. ‘ಪ್ಯಾಕ್-ಮ್ಯಾನ್’ನಲ್ಲಿ ಭೂತಗಳ ದಾರಿಯನ್ನು ಬಾಯಿಪಾಠ ಮಾಡಬಹುದಿತ್ತು. 1982ರ ‘ಮಿಸ್ ಪ್ಯಾಕ್-ಮ್ಯಾನ್’ ಆ ಚಲನೆಯಲ್ಲಿ ಅನಿಶ್ಚಿತತೆ ತಂದು ಬಾಯಿಪಾಠವನ್ನು ಕೆಡಿಸಿತು. 1986ರಲ್ಲಿ ಜಪಾನಿನಲ್ಲಿ ಬಂದ ‘ಸೂಪರ್ ಮಾರಿಯೊ ಬ್ರದರ್ಸ್ 2’ ಮೊದಲನೆಯದರ ಇನ್ನಷ್ಟು ಕಷ್ಟದ ರೂಪ ಮಾತ್ರ. ನಿಂಟೆಂಡೊದ ಅಮೆರಿಕದ ಶಾಖೆ ಅದನ್ನು ಒಲ್ಲದೆ ಬೇರೊಂದು ಆಟಕ್ಕೆ ಮಾರಿಯೊ ವೇಷ ತೊಡಿಸಿ ಅದೇ ಹೆಸರಿನಲ್ಲಿ ಮಾರಿತು. 1991ರ ‘ಸ್ಟ್ರೀಟ್ ಫೈಟರ್ 2’ರ ನಂತರ ಕೆಲವೇ ವರ್ಷಗಳಲ್ಲಿ ಅದರ ಪರಿಷ್ಕೃತ ರೂಪಗಳು ಒಂದರ ಹಿಂದೊಂದು ಬಂದಾಗ ಗ್ರಾಹಕರು ಗೊಣಗಿದ್ದು ನ್ಯಾಯವೇ. ‘ಡೂಮ್ 2’ (1994) ವಿಷಯ ಬೇರೆ. ಎಂಜಿನ್ ಹಳೆಯದು, ಹೊಸ ಬಂದೂಕು ಒಂದೇ. ಆದರೆ ಸತ್ತ ರಾಕ್ಷಸರನ್ನು ಎಬ್ಬಿಸುವ ಆರ್ಚ್-ವೈಲ್ ಬಂದ ಮೇಲೆ ಮೊದಲು ಯಾರನ್ನು ಹೊಡೆಯಬೇಕು ಎಂಬ ಲೆಕ್ಕವೇ ಬದಲಾಯಿತು.

ಈ ವಾದಕ್ಕೆ ಗಟ್ಟಿ ಸಾಕ್ಷಿ ಸಿಗುವುದು 2000ದಿಂದ 2010ರವರೆಗಿನ ದಶಕದಲ್ಲಿ. ನನ್ನ ತಲೆಮಾರು ಆಟಗಳನ್ನು ಗಂಭೀರವಾಗಿ ನೋಡಲು ಕಲಿತದ್ದು ಆಗಲೇ. 1998ರ ‘ಆಕರಿನಾ ಆಫ್ ಟೈಮ್’ನ ಬಳಿಕ, ಒಂದು ವರ್ಷದಲ್ಲಿ ಹೊಸ ಜೆಲ್ಡಾ ಮಾಡಿಕೊಡಬೇಕೆಂಬ ಸವಾಲನ್ನು ನಿಂಟೆಂಡೊದ ಎಯ್ಜಿ ಅವೊನುಮಾ ಒಪ್ಪಿಕೊಂಡರು. ಅಷ್ಟರಲ್ಲಿ ಹೊಸ ಪಾತ್ರಗಳನ್ನು ರೂಪಿಸಲು ಎಲ್ಲಿಯ ಸಮಯ? ಹಳೆಯ ಆಟದ ಮುಖ, ಮೈಕಟ್ಟುಗಳನ್ನೇ ಎತ್ತಿಕೊಂಡರು. ಅದೇ ಮೇಳ, ಅದೇ ವೇಷಗಳು ಬೇರೆ ಪ್ರಸಂಗ ಆಡಿದ ಹಾಗೆ ಅವೇ ಮುಖಗಳು 2000ದ ‘ಮಜೋರಾಸ್ ಮಾಸ್ಕ್’ನಲ್ಲಿ ಬೇರೆ ಜನರಾದವು. ಚಂದ್ರ ಬಿದ್ದು ಜಗತ್ತು ಮುಗಿಯಲು ಮೂರೇ ದಿನ. ಊರಿನ ಪ್ರತಿಯೊಬ್ಬನಿಗೂ ಆ ಮೂರು ದಿನಗಳ ದಿನಚರಿ ಇದೆ. ಯಾರು ಯಾವ ಹೊತ್ತಿಗೆ ಎಲ್ಲಿರುತ್ತಾರೆ ಎಂದು ಟಿಪ್ಪಣಿ ಇಟ್ಟುಕೊಂಡು, ಕಾಲವನ್ನು ಹಿಂದಕ್ಕೆ ತಿರುಗಿಸಿ, ಅದೇ ದಿನವನ್ನು ಮತ್ತೆ ಬಾಳಬೇಕು. ‘ಆಕರಿನಾ’ದಲ್ಲಿ ಕಲಿತ ಕತ್ತಿವರಸೆ ಇಲ್ಲೂ ಕೆಲಸಕ್ಕೆ ಬರುತ್ತದೆ, ನಿಧಾನವಾಗಿ ಸುತ್ತಾಡುವ ಅಭ್ಯಾಸ ಬರುವುದಿಲ್ಲ. ಮರುಬಳಕೆಯನ್ನು ಕಳ್ಳತನ ಎನ್ನುವವರು ಈ ಒಂದು ಆಟಕ್ಕಾದರೂ ಉತ್ತರ ಹೇಳಬೇಕು.

‘ಲೆಫ್ಟ್ 4 ಡೆಡ್ 2’ರ ಕಥೆ ಇನ್ನೂ ನೇರ. ಮೊದಲ ಭಾಗ 2008ರ ನವೆಂಬರ್‌ನಲ್ಲಿ, ಎರಡನೆಯದು ಸರಿಯಾಗಿ ಒಂದು ವರ್ಷಕ್ಕೆ ಬಂತು. ಘೋಷಣೆಯಾದ ಕೂಡಲೇ ಅಭಿಮಾನಿಗಳು ಬಹಿಷ್ಕಾರಕ್ಕೆ ಕರೆ ಕೊಟ್ಟರು. ವಾಲ್ವ್ ಕಂಪನಿ ಆ ಚಳವಳಿಯ ಮುಂದಾಳುಗಳನ್ನೇ ಕರೆಸಿ ಆಟ ತೋರಿಸಿತು. ಮೊದಲ ಭಾಗದಲ್ಲಿ ನಾಲ್ವರು ಮೂಲೆಯೊಂದರಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ನಿಂತರೆ ದೊಡ್ಡ ಗುಂಪನ್ನೂ ಎದುರಿಸಬಹುದಿತ್ತು. ಎರಡನೆಯದರ ಸ್ಪಿಟರ್ ಆ ಮೂಲೆಗೇ ಆಮ್ಲ ಉಗುಳುತ್ತದೆ, ಚಾರ್ಜರ್ ನುಗ್ಗಿ ಗುಂಪನ್ನು ಚದುರಿಸುತ್ತದೆ. ಮರು ವರ್ಷದ ‘ಫಾಲ್‌ಔಟ್: ನ್ಯೂ ವೇಗಸ್’ ಅನ್ನು ಅಬ್ಸಿಡಿಯನ್ ತಂಡ ಸುಮಾರು ಹದಿನೆಂಟು ತಿಂಗಳಲ್ಲಿ, ‘ಫಾಲ್‌ಔಟ್ 3’ರ ಎಂಜಿನ್ ಮೇಲೆಯೇ ಕಟ್ಟಿತು. ಬಿಡುಗಡೆಯಾದಾಗ ಅದರ ತುಂಬ ದೋಷಗಳಿದ್ದವು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಒಂದು ಬಣಕ್ಕೆ ಮಾಡಿದ ಉಪಕಾರ ಇನ್ನೊಂದು ಬಣದ ಬಾಗಿಲು ಮುಚ್ಚುವ ಅದರ ರಾಜಕೀಯದ ಹೆಣಿಗೆ ‘ಫಾಲ್‌ಔಟ್ 3’ರಲ್ಲಿ ಇರಲಿಲ್ಲ.

‘ಟಿಯರ್ಸ್’ ಈ ಪರಂಪರೆಗೆ ಸೇರಿದ್ದು. ‘ಬ್ರೆತ್’ನಲ್ಲಿ ಬೆಟ್ಟವೆಂದರೆ ದಮ್ಮು ಲೆಕ್ಕ ಹಾಕಿ ಹತ್ತಬೇಕಾದ ಗೋಡೆ. ಇಲ್ಲಿ ಗುಹೆಯ ಚಾವಣಿ ತೂರಿ ಮೇಲೇಳುವ ಶಕ್ತಿ ಇರುವುದರಿಂದ ಬೆಟ್ಟವನ್ನು ಒಳಗಿನಿಂದ ನೋಡಬೇಕು. ಮುರಿಯುವ ಕತ್ತಿಗೆ ರಾಕ್ಷಸನ ಕೊಂಬು ಜೋಡಿಸಬಹುದು, ಹಲಗೆ-ಗಾಲಿ ಅಂಟಿಸಿ ಬಂಡಿ ಕಟ್ಟಬಹುದು. ಹೊಸದಾಗಿ ಸೇರಿದ ಆಕಾಶದ ದ್ವೀಪಗಳೂ ಪಾತಾಳವೂ ಇಲ್ಲದಿದ್ದರೂ ಹಳೆಯ ಭೂಪಟ ಹೊಸದಾಗುತ್ತಿತ್ತು. ಮೂರು ದಿನಗಳಲ್ಲಿ ಒಂದು ಕೋಟಿ ಪ್ರತಿ ಮಾರಾಟವಾದದ್ದನ್ನು ನಾನು ಸಾಕ್ಷಿಯಾಗಿ ಹೂಡುವುದಿಲ್ಲ; ಮಾರಾಟ ಗುಣವನ್ನು ಹೇಳುವುದಿಲ್ಲ.

ಏಕೆಂದರೆ ಹೊಸದೇನೂ ಇಲ್ಲದವೂ ಚೆನ್ನಾಗಿಯೇ ಮಾರಾಟವಾಗುತ್ತವೆ. ಸ್ವಿಚ್‌ಗೆ ಹಲವು ವರ್ಷ ಬಂದ ಫಿಫಾದ ‘ಲೆಗಸಿ’ ಆವೃತ್ತಿಗಳಲ್ಲಿ ಬದಲಾದದ್ದು ಹೆಚ್ಚಾಗಿ ತಂಡಗಳ ಪಟ್ಟಿ ಮತ್ತು ಅಂಗಿ. 2023ರ ‘ಮಾಡರ್ನ್ ವಾರ್‌ಫೇರ್ 3’ 70 ಡಾಲರ್‌ಗೆ ಬಂದಾಗ ಅದರ ಮುಖ್ಯ ಮಲ್ಟಿಪ್ಲೇಯರ್‌ನ ಹದಿನಾರು ಮ್ಯಾಪ್‌ಗಳೂ ಅದೇ ಸರಣಿಯ 2009ರ ಆಟದಿಂದ ಎತ್ತಿ ಹೊಸದಾಗಿ ಬಳಿದವು. ಬೆಲೆಗೆ ಮೆಟ್ಟಿಲು ಇಡಲು ಬರುವುದಿಲ್ಲವೆಂದೇನಲ್ಲ: ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’ (2017) 40 ಡಾಲರ್‌ಗೆ, ‘ಸ್ಪೈಡರ್-ಮ್ಯಾನ್: ಮೈಲ್ಸ್ ಮೊರಾಲೆಸ್’ (2020) 50 ಡಾಲರ್‌ಗೆ ಬಂದವು. ಇಷ್ಟೇ ಹೊಸದು, ಇಷ್ಟೇ ಬೆಲೆ ಎಂದು ಹೇಳುವ ಈ ಪ್ರಾಮಾಣಿಕತೆ ಅಪರೂಪವಾಗಿಯೇ ಉಳಿದದ್ದು ಬೇಸರದ ಸಂಗತಿ.

ಹಣದುಬ್ಬರದ ಮಾತು ಬರುತ್ತದೆ: 2005ರ ಸುಮಾರಿಗೆ ನೆಲೆಗೊಂಡ 60 ಡಾಲರ್ ಹದಿನೈದು ವರ್ಷ ಏರಲಿಲ್ಲ, ತಯಾರಿಕೆಯ ವೆಚ್ಚ ಮಾತ್ರ ಏರಿತು ಎಂದು. ನಿಜ. ಆದರೆ ಅದು ಎಲ್ಲ ಆಟಗಳಿಗೂ ಅನ್ವಯಿಸುವ ಮಾತು. ಎಂಜಿನ್, ಮ್ಯಾಪ್, ಹೆಸರು ಎಲ್ಲವೂ ಸಿದ್ಧವಿರುವ ಸೀಕ್ವೆಲ್‌ಗೆ ಹೊಸ ಆಟದಷ್ಟೇ ಬೆಲೆ ಏಕೆ ಎಂಬುದಕ್ಕೆ ಉತ್ತರವಲ್ಲ. ಪ್ರೀತಿಸಿದ ಪಾತ್ರಗಳ ಕಥೆ ಮುಂದುವರಿದರೆ ಸಾಕು ಎನ್ನುವ ಆಟಗಾರರೂ ಇದ್ದಾರೆ, ಅವರ ಆಸೆ ತಪ್ಪಲ್ಲ. ಮಧ್ಯಮ ಬೆಲೆಯ ಆಟಗಳು ಬೇಕಾದದ್ದು ಮುಖ್ಯವಾಗಿ ಅವರಿಗೇ.

ಭಾರತದಲ್ಲಿ ಪ್ರಶ್ನೆ ಇನ್ನೂ ಚುರುಕು. 2020ರಲ್ಲಿ ಪಿಎಸ್5 ಜೊತೆ ಬಂದ ಸೋನಿಯ ದೊಡ್ಡ ಆಟಗಳಿಗೆ ಇಲ್ಲಿ 4,999 ರೂಪಾಯಿ ಇತ್ತು. ಅಂಥ ಬೆಲೆ ತೆರುವ ಓದುಗನಿಗೆ ಕನ್ನಡದ ವಿಮರ್ಶೆ ಗ್ರಾಫಿಕ್ಸ್ ಅದ್ಭುತ, ಕಥೆ ಚೆನ್ನಾಗಿದೆ ಎಂದಷ್ಟೇ ಹೇಳಿ ಮುಗಿಸುತ್ತದೆ. ಹಿಂದಿನ ಭಾಗದ ನಿಯಮಗಳನ್ನು ಪಕ್ಕಕ್ಕಿಟ್ಟು ಹೋಲಿಸುವವರು ವಿರಳ. ಆದರೆ ಆಟ ತಯಾರಿಸುವ ಕೆಲಸ ನಮಗೆ ಹೊಸದಲ್ಲ: 1997ರಲ್ಲೇ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಕಂಪನಿ ಆರಂಭವಾಗಿ, ವಿದೇಶಿ ಆಟಗಳಿಗೆ ಚಿತ್ರಕೆಲಸ ಮಾಡಿಕೊಟ್ಟು, 2019ರಲ್ಲಿ ಆಟದ ಕಂಪನಿ ರಾಕ್‌ಸ್ಟಾರ್‌ನ ಕೈಸೇರಿತು. ಆಟದ ಕಾರು, ಕಟ್ಟಡಗಳನ್ನು ರೂಪಿಸುವ ಶ್ರಮ ಎಷ್ಟೆಂದು ಬಲ್ಲ ಊರು ಇದು. ಆ ಶ್ರಮದ ಫಲವನ್ನು ಎರಡನೇ ಆಟದಲ್ಲಿ ಬಳಸುವುದನ್ನು ಇಲ್ಲಿನ ವಿಮರ್ಶಕರಾದರೂ ಮೋಸ ಎನ್ನಬಾರದು.

‘ಟಿಯರ್ಸ್’ಗೆ 70 ಡಾಲರ್ ಸಲ್ಲುತ್ತದೆ, ‘ಮಾಡರ್ನ್ ವಾರ್‌ಫೇರ್ 3’ಕ್ಕೆ ಸಲ್ಲುವುದಿಲ್ಲ. ಮುಂದಿನ ಸೀಕ್ವೆಲ್ ಬಂದಾಗ ಮುಂಗಡ ಕಟ್ಟಬೇಡಿ. ಬೇರೆಯವರು ಆಡುವುದನ್ನು ಒಂದು ಗಂಟೆ ನೋಡಿ. ಹಳೆಯ ಆಟದ ಅಭ್ಯಾಸದಿಂದಲೇ ಅವರು ಎಲ್ಲವನ್ನೂ ದಾಟುತ್ತಿದ್ದರೆ ಅರ್ಧ ಬೆಲೆಗೆ ಇಳಿಯುವವರೆಗೆ ಕಾಯಿರಿ.