ಮನೆಯೊಳಗೊಂದು ಹಾಡಿನ ಕಣಜ

1902ರ ನವೆಂಬರ್ ತಿಂಗಳು. ಕಲ್ಕತ್ತೆಯ ಹೋಟೆಲೊಂದರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಧ್ವನಿಮುದ್ರಣದ ಯಂತ್ರ ಹೂಡಿ ಕುಳಿತಿದ್ದರು. ಅದರ ಕಹಳೆಗೆ ಮುಖವಿಟ್ಟು ಹಾಡಿದವರು ಅಂದಿನ ಪ್ರಸಿದ್ಧ ಗಾಯಕಿ ಗೌಹರ್ ಜಾನ್. ಗಂಟೆಗಟ್ಟಲೆ ವಿಸ್ತರಿಸಬಹುದಾದ ರಾಗವನ್ನು ಅವರು ಸುಮಾರು ಮೂರು ನಿಮಿಷದ ಮಿತಿಯೊಳಗೆ ಹೊಂದಿಸಿದರು. ಅವರ ಹಲವು ತಟ್ಟೆಗಳ ಕೊನೆಯಲ್ಲಿ ಇಂಗ್ಲಿಷಿನ ಒಂದು ಮಾತು ಕೇಳಿಸುತ್ತದೆ: ‘ನನ್ನ ಹೆಸರು ಗೌಹರ್ ಜಾನ್’. ಅದು ಜಂಬದ ಮಾತಲ್ಲ. ಧ್ವನಿಯ ಅಚ್ಚು ಹಡಗು ಹತ್ತಿ ಜರ್ಮನಿಯ ಹ್ಯಾನೋವರ್ ಸೇರಬೇಕಿತ್ತು. ಅಲ್ಲಿ ತಟ್ಟೆ ತಯಾರಿಸುವವರಿಗೆ ಹಾಡು ಯಾರದೆಂದು ತಿಳಿಯಲಿ ಎಂದು ಮಾಡಿದ ಏರ್ಪಾಡು ಅದು.

ಇದೇ ಗಾಯಕಿ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ಸೇರಿದರು. 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಕಂಠ ನಿಂತಿತು, ಹಾಡು ಉಳಿಯಿತು. ಅದು ಉಳಿಯಲು ಮೂರು ಕಾರಣಗಳಿವೆ. ಯಾರದೋ ಮನೆಯ ಬೀರುವಿನಲ್ಲಿ ತಟ್ಟೆ ಜೋಪಾನವಾಗಿತ್ತು. ತಟ್ಟೆ ಸವೆಯುವ ಮೊದಲೇ ಯಾರೋ ಅದರ ಪ್ರತಿ ತೆಗೆದರು. ಹಾಡು ಯಾರದೆಂಬ ಗುರುತು ಅದರ ಜೊತೆಯಲ್ಲೇ ಇತ್ತು.

ಆ ಬೀರುವಿನ ಜಾಗಕ್ಕೆ ಈಗ ಪುಟ್ಟದೊಂದು ಪೆಟ್ಟಿಗೆ ಬಂದಿದೆ. ಮನೆಯ ಸಂಗೀತವನ್ನೆಲ್ಲ ಅದರಲ್ಲಿ ತುಂಬಿ, ತಂತಿಯ ಮೂಲಕವೋ ವೈ-ಫೈ ಮೂಲಕವೋ ಪಡಸಾಲೆಯ ಹೈ-ಫೈನಲ್ಲಿ ಕೇಳುವ ವ್ಯವಸ್ಥೆ ಅದು. ‘ನೆಟ್‌ವರ್ಕ್ ಅಟ್ಯಾಚ್ಡ್ ಸ್ಟೋರೇಜ್’ ಎಂಬುದು ಅದರ ಉದ್ದನೆಯ ಹೆಸರು. ಬಳಕೆದಾರರ ಬಾಯಲ್ಲಿ ಅದು ‘ನ್ಯಾಸ್’. ಇದರ ಹಿಂದೆ ಒಂದು ದೀರ್ಘ ಕಥೆಯಿದೆ.

ತಟ್ಟೆಯಿಂದ ಸಂಖ್ಯೆಗೆ

ಥಾಮಸ್ ಎಡಿಸನ್ 1877ರಲ್ಲಿ ತವರದ ತಗಡು ಸುತ್ತಿದ ಉರುಳೆಯ ಮೇಲೆ ಧ್ವನಿ ಹಿಡಿದ ದಿನದಿಂದ ಸುಮಾರು ನೂರು ವರ್ಷ, ಮನೆಯ ಹಾಡು ಕೈಗೆ ಸಿಗುವ ವಸ್ತುವಾಗಿತ್ತು. ಮೊದಲು ಅರಗಿನ ತಟ್ಟೆ ಬಂತು. ಅದಕ್ಕೆ ಬೇಕಾದ ಅರಗು ಬಹುಪಾಲು ಹೋಗುತ್ತಿದ್ದುದು ಭಾರತದ ಕಾಡುಗಳಿಂದಲೇ. ನಿಮಿಷಕ್ಕೆ 78 ಸುತ್ತು ತಿರುಗುವ ಆ ತಟ್ಟೆಯಲ್ಲಿ ಮೂರು-ನಾಲ್ಕು ನಿಮಿಷದ ಹಾಡು ಹಿಡಿಸುತ್ತಿತ್ತು. 1948ರಲ್ಲಿ ಕೊಲಂಬಿಯಾ ಕಂಪನಿಯ ಎಲ್‌ಪಿ ಬಂದ ಮೇಲೆ ಒಂದೊಂದು ಬದಿಗೆ ಇಪ್ಪತ್ತು ನಿಮಿಷ ದಾಟಿತು. 1963ರಲ್ಲಿ ಫಿಲಿಪ್ಸ್ ಕಂಪನಿ ಕ್ಯಾಸೆಟ್ ಹೊರತಂದಿತು. ಕ್ಯಾಸೆಟ್ಟಿನಿಂದ ಹಾಡು ಅಗ್ಗವಾಯಿತಷ್ಟೇ ಅಲ್ಲ, ಕೇಳುಗನೇ ಮುದ್ರಕನೂ ಆದ. ಮದುವೆ ಮನೆಯ ಸೋಬಾನೆ, ಊರ ಜಾತ್ರೆಯ ಬಯಲಾಟ, ಅಜ್ಜಿಯ ಹಸೆ ಹಾಡು ಯಾವ ಕಂಪನಿಯ ಅಪ್ಪಣೆಯೂ ಇಲ್ಲದೆ ಟೇಪಿಗೆ ಇಳಿದವು.

1982ರಲ್ಲಿ ಜಪಾನಿನ ಮಾರುಕಟ್ಟೆಗೆ ಬಂದ ಸಿ.ಡಿ. ಕಾಣುವುದಕ್ಕೆ ಮತ್ತೊಂದು ತಟ್ಟೆ. ಆದರೆ ಅದರಲ್ಲಿ ಇದ್ದದ್ದು ಧ್ವನಿಯ ಗೆರೆಯಲ್ಲ, ಬರೀ ಸಂಖ್ಯೆಗಳು. ಸೆಕೆಂಡಿಗೆ 44,100 ಬಾರಿ ಧ್ವನಿಯನ್ನು ಅಳೆದು, ಪ್ರತಿ ಅಳತೆಯನ್ನೂ ಸಂಖ್ಯೆಯಾಗಿ ಬರೆದಿಡುವ ವಿಧಾನ ಅದು. ಟೇಪಿನಿಂದ ಟೇಪಿಗೆ ಪ್ರತಿ ಮಾಡಿದರೆ ಪ್ರತಿ ಸಲವೂ ಗುಣ ಕೆಡುತ್ತದೆ. ಸಂಖ್ಯೆಯ ಪ್ರತಿ ಹಾಗಲ್ಲ. ತಪ್ಪಿಲ್ಲದೆ ಬರೆದರೆ ನೂರನೆಯ ಪ್ರತಿಯೂ ಮೊದಲನೆಯದರಂತೆಯೇ ಇರುತ್ತದೆ. ತಟ್ಟೆಯ ಹಂಗಿನಿಂದ ಹಾಡು ಬಿಡಿಸಿಕೊಂಡದ್ದು ಇಲ್ಲಿಯೇ ಎನ್ನಬಹುದು.

ಒಂದು ಟನ್ ತೂಕದ ಡಿಸ್ಕ್

ಇಷ್ಟು ಸಂಖ್ಯೆಗಳನ್ನು ಇಡುವುದೆಲ್ಲಿ? 1956ರಲ್ಲಿ ಐಬಿಎಂ ಕಂಪನಿ ‘ರಾಮ್ಯಾಕ್’ ಎಂಬ ಗಣಕದೊಡನೆ ಮೊದಲ ಹಾರ್ಡ್ ಡಿಸ್ಕನ್ನು ಮಾರುಕಟ್ಟೆಗೆ ತಂದಿತು. ಎರಡಡಿ ಅಗಲದ 50 ತಟ್ಟೆಗಳು, ಒಂದು ಟನ್ ತೂಕ. ಅದರಲ್ಲಿ ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರ. ಸಿ.ಡಿ. ಗುಣಮಟ್ಟದ ಸಂಗೀತಕ್ಕೆ ನಿಮಿಷಕ್ಕೆ ಸುಮಾರು 10 ಮೆಗಾಬೈಟ್ ಬೇಕು. ಅಂದರೆ ಆ ದೈತ್ಯ ಯಂತ್ರದಲ್ಲಿ ಅರ್ಧ ನಿಮಿಷದ ಆಲಾಪವೂ ಹಿಡಿಯುತ್ತಿರಲಿಲ್ಲ!

ಡಿಸ್ಕ್ ಅಗ್ಗವಾಗುವವರೆಗೆ ಕಾಯುವ ಬದಲು ಹಾಡನ್ನೇ ಕುಗ್ಗಿಸುವ ದಾರಿ ಹುಡುಕಿದವರು ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಕಾರ್ಲ್‌ಹೈಂಜ್ ಬ್ರಾಂಡೆನ್‌ಬುರ್ಗ್ ಮತ್ತು ಸಂಗಡಿಗರು. ಕಿವಿಗೆ ಗೊತ್ತಾಗದ ಭಾಗಗಳನ್ನು ಬಿಟ್ಟು ಗಾತ್ರವನ್ನು ಹತ್ತನೇ ಒಂದು ಪಾಲಿನಷ್ಟಕ್ಕೆ ಇಳಿಸುವ ಈ ವಿಧಾನಕ್ಕೆ 1995ರಲ್ಲಿ ಎಂಪಿ3 ಎಂಬ ಹೆಸರು ನಿಂತಿತು. ಆದರೆ ಒಮ್ಮೆ ಬಿಟ್ಟದ್ದು ಮತ್ತೆ ಬರುವುದಿಲ್ಲ. ಹಾಡನ್ನು ಕಾಪಾಡಬೇಕೆಂಬವರಿಗೆ ಒದಗಿದ್ದು 2001ರಲ್ಲಿ ಜೋಶ್ ಕೋಲ್ಸನ್ ಹೊರತಂದ ‘ಫ್ಲ್ಯಾಕ್’. ಹಾಸಿಗೆ ಮಡಿಸಿಟ್ಟು ಮತ್ತೆ ಬಿಚ್ಚಿದ ಹಾಗೆ, ಇಲ್ಲಿ ಗಾತ್ರ ಅರ್ಧದಷ್ಟಾಗುತ್ತದೆ, ಆದರೆ ಏನೂ ಕಳೆಯುವುದಿಲ್ಲ. ಈ ವಿಧಾನದಲ್ಲಿ ಒಂದು ಸಿ.ಡಿ.ಗೆ ಸುಮಾರು 400 ಮೆಗಾಬೈಟ್ ಸಾಕು. ನಾಲ್ಕು ಟೆರಾಬೈಟಿನ ಒಂದು ಡಿಸ್ಕಿನಲ್ಲಿ ಹತ್ತು ಸಾವಿರ ಸಿ.ಡಿ.ಗಳಷ್ಟು ಸಂಗೀತ ಕೂರುತ್ತದೆ. ಕೇಳಿ ಮುಗಿಸುವುದಕ್ಕೆ ವರ್ಷಗಳೇ ಬೇಕು.

ಹಾಡು ಬರುವ ದಾರಿ

ವ್ಯವಸ್ಥೆ ಮೇಲ್ನೋಟಕ್ಕೆ ತೋರುವಷ್ಟು ಜಟಿಲವಲ್ಲ. ಸಿ.ಡಿ. ಅಥವಾ ಕ್ಯಾಸೆಟ್ಟನ್ನು ಗಣಕದ ಮೂಲಕ ಫ್ಲ್ಯಾಕ್ ಆಗಿ ಮಾಡಿ ಪೆಟ್ಟಿಗೆಗೆ ತುಂಬಬೇಕು. ಪೆಟ್ಟಿಗೆಯನ್ನು ಮನೆಯ ಇಂಟರ್‌ನೆಟ್ ರೌಟರಿಗೆ ತಂತಿಯಿಂದ ಜೋಡಿಸಬೇಕು. ಹೈ-ಫೈ ಪಕ್ಕದಲ್ಲಿ ‘ಸ್ಟ್ರೀಮರ್’ ಎಂಬ ಇನ್ನೊಂದು ಸಣ್ಣ ಸಾಧನ ಇರುತ್ತದೆ. ಅದು ಪೆಟ್ಟಿಗೆಯಿಂದ ಸಂಖ್ಯೆಗಳನ್ನು ತರಿಸಿಕೊಂಡು, ಮತ್ತೆ ವಿದ್ಯುತ್ ಅಲೆಗಳಾಗಿ ಮಾಡಿ ಆಂಪ್ಲಿಫೈಯರಿಗೆ ಕೊಡುತ್ತದೆ. ಸಿ.ಡಿ. ಸಂಗೀತಕ್ಕೆ ಬೇಕಾದ ವೇಗ ಸೆಕೆಂಡಿಗೆ 1.4 ಮೆಗಾಬಿಟ್ ಮಾತ್ರ. ಇಂದಿನ ಯಾವ ಮನೆಯ ಜಾಲಕ್ಕೂ ಇದು ಭಾರವಲ್ಲ.

ಬೇರೆ ಬೇರೆ ಕಂಪನಿಯ ಸಾಧನಗಳು ಪರಸ್ಪರ ಮಾತಾಡಲು ಒಂದು ಸಮಾನ ಭಾಷೆ ಬೇಕಲ್ಲ? ಸೋನಿ, ಇಂಟೆಲ್ ಮೊದಲಾದ ಕಂಪನಿಗಳು 2003ರಲ್ಲಿ ಕಟ್ಟಿಕೊಂಡ ಒಕ್ಕೂಟ ಮುಂದೆ ‘ಡಿಎಲ್‌ಎನ್‌ಎ’ ಎಂದು ಹೆಸರಾಯಿತು. 2017ರಲ್ಲಿ ಒಕ್ಕೂಟ ವಿಸರ್ಜನೆಗೊಂಡರೂ ಅದು ರೂಢಿಗೆ ತಂದ ಭಾಷೆ ಇನ್ನೂ ಬಳಕೆಯಲ್ಲಿದೆ.

ಕಂಪನಿ ಹಿಂದೆ ಸರಿದರೂ ಹಾಡು ನಿಲ್ಲಲಿಲ್ಲ

ಮನೆಯ ಗಣಕದಲ್ಲಿರುವ ಹಾಡನ್ನು ಹೈ-ಫೈಗೆ ತಲುಪಿಸಿದ ಮೊದಮೊದಲ ಸಾಧನಗಳಲ್ಲಿ ಅಮೆರಿಕದ ಸ್ಲಿಮ್ ಡಿವೈಸಸ್ ಎಂಬ ಸಣ್ಣ ಕಂಪನಿಯ ‘ಸ್ಲಿಂಪ್3’ ಒಂದು. ಬಂದದ್ದು 2001ರಲ್ಲಿ. ಅದರೊಳಗೆ ಡಿಸ್ಕ್ ಇರಲಿಲ್ಲ, ಹಾಡೆಲ್ಲ ಮನೆಯ ಗಣಕದಲ್ಲೇ ಇರುತ್ತಿತ್ತು. ಹಾಡು ಕಳುಹಿಸುವ ತಂತ್ರಾಂಶವನ್ನು ಯಾರು ಬೇಕಾದರೂ ತೆರೆದು ನೋಡಿ ತಿದ್ದಬಹುದಿತ್ತು. ಇದರ ಮುಂದಿನ ರೂಪ ‘ಸ್ಕ್ವೀಜ್‌ಬಾಕ್ಸ್’ ಜನಪ್ರಿಯವಾಯಿತು. 2006ರಲ್ಲಿ ಲಾಜಿಟೆಕ್ ಈ ಕಂಪನಿಯನ್ನು ಕೊಂಡಿತು, 2012ರಲ್ಲಿ ಸ್ಕ್ವೀಜ್‌ಬಾಕ್ಸ್ ತಯಾರಿಕೆಯನ್ನೇ ಕೈಬಿಟ್ಟಿತು. ಆದರೂ ಕೊಂಡವರ ಮನೆಯಲ್ಲಿ ಹಾಡು ನಿಲ್ಲಲಿಲ್ಲ. ಹಾಡು ಅವರದೇ ಡಿಸ್ಕಿನಲ್ಲಿತ್ತು, ತಂತ್ರಾಂಶವನ್ನು ಬಳಕೆದಾರರೇ ಬೆಳೆಸಿಕೊಂಡು ಬಂದರು. 2024ರಿಂದ ಅದು ‘ಲಿರಿಯನ್’ ಎಂಬ ಹೊಸ ಹೆಸರಿನಲ್ಲಿ ಮುಂದುವರಿದಿದೆ.

ಇದರ ಎದುರು ಇನ್ನೊಂದು ಪ್ರಸಂಗವನ್ನಿಟ್ಟು ನೋಡಬೇಕು. ಸಾವಿರಾರು ಹೊಸ ಗಾಯಕರು ತಮ್ಮ ಹಾಡುಗಳನ್ನು ನಂಬಿ ಇಟ್ಟಿದ್ದ ‘ಮೈಸ್ಪೇಸ್’ ತಾಣ, ಗಣಕಗಳನ್ನು ಬದಲಿಸುವಾಗ ಹಳೆಯ ಹಾಡುಗಳನ್ನು ಕಳೆದುಕೊಂಡಿತೆಂಬುದು 2019ರಲ್ಲಿ ಬಯಲಾಯಿತು. ಹನ್ನೆರಡು ವರ್ಷಗಳ ಸಂಗ್ರಹ ಅದು. ಬೇರೆ ಪ್ರತಿ ಇಟ್ಟುಕೊಂಡಿರದ ಗಾಯಕರ ಪಾಲಿಗೆ ಅದು ಶಾಶ್ವತ ನಷ್ಟ. ಭಾರತದಲ್ಲಿ ರೆಸೊ, ವಿಂಕ್ ಎಂಬ ಎರಡು ಸಂಗೀತ ಸೇವೆಗಳನ್ನು ಮುಚ್ಚುವ ನಿರ್ಧಾರ 2024ರಲ್ಲಿ ಹೊರಬಿತ್ತು. ಬಾಡಿಗೆ ಮನೆಯ ಸುಖ ಬಾಡಿಗೆ ಮನೆಯದೇ. ಕೋಟಿ ಹಾಡು ಬೆರಳ ತುದಿಯಲ್ಲಿದ್ದರೂ ಬಾಗಿಲಿನ ಚಾವಿ ಬೇರೆಯವರ ಕೈಯಲ್ಲಿರುತ್ತದೆ.

ಒಂದೇ ಕಡೆ ಇಟ್ಟರೆ?

ಹಾಗೆಂದು ಸ್ವಂತ ಪೆಟ್ಟಿಗೆಯೂ ಚಿರಂಜೀವಿಯಲ್ಲ. ತಿರುಗುವ ಡಿಸ್ಕ್ ಒಂದಲ್ಲ ಒಂದು ದಿನ ಕೆಡುವುದು ಖಂಡಿತ. ಕ್ಯಾಲಿಫೋರ್ನಿಯಾದ ಬರ್ಕ್‌ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ 1988ರಲ್ಲಿ ಪ್ರಕಟಿಸಿದ ಪ್ರಬಂಧ ಇದಕ್ಕೊಂದು ಪರಿಹಾರವನ್ನು ವಿವರಿಸಿತು. ಅಗ್ಗದ ಹಲವು ಡಿಸ್ಕುಗಳನ್ನು ಒಟ್ಟಿಗೆ ಕಟ್ಟಿದರೆ, ಒಂದು ಕೆಟ್ಟರೂ ಮಾಹಿತಿ ಉಳಿಯುವಂತೆ ಮಾಡಬಹುದು. ಇದೇ ‘ರೇಡ್’. ಮನೆಯ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಎರಡು ಡಿಸ್ಕ್ ಇರುತ್ತವೆ. ಒಂದರಲ್ಲಿ ಬರೆದದ್ದೆಲ್ಲ ಇನ್ನೊಂದರಲ್ಲೂ ಮೂಡುತ್ತದೆ.

ಬಹಳ ಜನ ಎಡವುವುದು ಇಲ್ಲಿಯೇ. ಕೈತಪ್ಪಿ ಒಂದು ಹಾಡನ್ನು ಅಳಿಸಿದರೆ ಅದು ಎರಡು ಡಿಸ್ಕಿನಿಂದಲೂ ಅಳಿಯುತ್ತದೆ. ಸಿಡಿಲಿನ ಹೊಡೆತಕ್ಕೆ ಎರಡೂ ಒಟ್ಟಿಗೆ ಸುಡಬಹುದು. ಕಳ್ಳ ಪೆಟ್ಟಿಗೆಯನ್ನೇ ಹೊತ್ತೊಯ್ಯಬಹುದು. ಆದ್ದರಿಂದ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ, ಸಾಧ್ಯವಾದರೆ ಬೇರೆ ಮನೆಯಲ್ಲಿ ಇರಬೇಕು. ಊರಿನ ತಮ್ಮನ ಮನೆಯ ಕಪಾಟು ಇದಕ್ಕೆ ಧಾರಾಳವಾಗಿ ಸಾಕು.

ಕೊನೆಗೆ ಉಳಿಯುವುದು ಹೆಸರಿನ ಪ್ರಶ್ನೆ. 1996ರಲ್ಲಿ ಎಂಪಿ3 ಕಡತದ ಕೊನೆಗೆ ಅಂಟಿಸಲು ರೂಪಿಸಿದ ಚೀಟಿಯಲ್ಲಿ ಹಾಡಿಗೆ 30 ಅಕ್ಷರ, ಹಾಡುಗಾರರಿಗೆ 30 ಅಕ್ಷರ ಮೀಸಲಿತ್ತು. ರಾಗ, ತಾಳ, ಪಕ್ಕವಾದ್ಯಗಳಿಗೆ ಅದರಲ್ಲಿ ಜಾಗವೇ ಇರಲಿಲ್ಲ. ಫ್ಲ್ಯಾಕ್‌ನಲ್ಲಿ ಈ ಕಟ್ಟಿಲ್ಲ. ರಾಗ, ತಾಳ, ಹಾಡಿದ ಊರು, ವರ್ಷ ಎಲ್ಲವನ್ನೂ ಕನ್ನಡದಲ್ಲೇ ಬರೆದಿಡಬಹುದು. ಬರೆಯದೆ ಬಿಟ್ಟರೆ ಹಾಡು ಇದ್ದೂ ಇಲ್ಲದಂತೆ. ‘ಟ್ರ್ಯಾಕ್ 07’ ಎಂಬ ಹೆಸರಿನ ಕಡತದಲ್ಲಿರುವುದು ಮುತ್ತಜ್ಜಿಯ ದನಿ ಎಂದು ಮೊಮ್ಮಗಳಿಗೆ ಹೇಳುವವರು ಯಾರು?

ದೊಡ್ಡ ಗಾಯಕರ ಹಾಡು ಎಲ್ಲಾದರೂ ಸಿಕ್ಕೀತು. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಬೂಷ್ಟು ಹಿಡಿಯುತ್ತಿರುವ ಸೋಬಾನೆಯ ಕ್ಯಾಸೆಟ್ಟಿಗೆ ಮಾತ್ರ ಬೇರೆ ಪ್ರತಿಯಿಲ್ಲ. ಅದರಲ್ಲಿ ಹಾಡಿದವಳು ಗೌಹರ್ ಜಾನ್ ಹಾಗೆ ಕೊನೆಯಲ್ಲಿ ತನ್ನ ಹೆಸರನ್ನು ಹೇಳಿಲ್ಲ. ಅವಳ ದನಿಯನ್ನು ಗುರುತು ಹಿಡಿಯುವವರು ಮನೆಯಲ್ಲಿ ಇರುವಾಗಲೇ ಆ ಹೆಸರನ್ನು ಬರೆದಿಡಬೇಕು.